ಐದು ವರ್ಷ ಸವೆಯಲ್ಲ ಅಂದ ಟೈರ್, ಐದು ಕಿಲೋಮೀಟರಿಗೆ ನನ್ನನ್ನು ಕೆಡವಿತು

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಶಿರಸಿ ಸುತ್ತಮುತ್ತ ಹನ್ನೆರಡು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಯಾವ ಟೈರ್ ತಗೊಳ್ಳಲಿ ಅಂತ ಊರಿನ ಹುಡುಗರು ನನ್ನನ್ನೇ ಕೇಳುತ್ತಾರೆ. ಅಂಥವನ ತಲೆಗೇ ಟೋಪಿ ಬಿತ್ತು. 3,400 ರೂಪಾಯಿ ಹೋಯಿತು, ಮೊಣಕೈ ಚರ್ಮವೂ ಹೋಯಿತು.

ಮಳೆಗಾಲಕ್ಕೆ ಎಂಟಿಬಿಗೆ, ಅಂದರೆ ಗುಡ್ಡ ಹತ್ತಿಳಿಯುವ ಸೈಕಲ್ಲಿಗೆ, ಹೊಸ ಟೈರ್ ಜೊತೆ ಬೇಕಿತ್ತು. ಫೋನಿನಲ್ಲಿ ಆರ್ಡರ್ ಹಿಡಿದು ಪಾರ್ಸೆಲ್ ಕಳಿಸುವ ವ್ಯಾಪಾರಿ ಒಬ್ಬ ಸಿಕ್ಕ. ನಾನು ಬಿಡಿಸಿ ಹೇಳಿದ್ದೆ: ಚಕ್ರ 27.5 ಇಂಚು, ಅಗಲ 2.25 ಇಂಚು, ಮೆತ್ತನೆ ರಬ್ಬರ್, ಕೆಸರು ಕಚ್ಚಿಕೊಳ್ಳದ ಹಾಗೆ ಬಟನ್, ಅಂದರೆ ಟೈರಿನ ಮೇಲಿನ ರಬ್ಬರ್ ಗುಬ್ಬಿಗಳು, ದೂರ ದೂರ ಇರಬೇಕು.

"ಇದೆ ಸರ್. ಸೂಪರ್ ಗ್ರಿಪ್. ಐದು ವರ್ಷ ಸವೆಯೋದೇ ಇಲ್ಲ."

ಅಲ್ಲೇ ಫೋನ್ ಇಡಬೇಕಿತ್ತು. ಮೆತ್ತನೆ ರಬ್ಬರ್ ನೆಲ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಾಳುತ್ತದೆ, ಒದ್ದೆ ಕಲ್ಲು ಕಂಡರೆ ಜಾರುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ! ಆದರೂ ದುಡ್ಡು ಹಾಕಿದೆ. ಆಸೆ, ಮತ್ತೇನು.

ಪಾರ್ಸೆಲ್ ಬಂತು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಆ ಹೊಳಪಿಗೇ ಮರುಳಾದೆ. ಟೈರಿನ ಪಕ್ಕದ ಗೋಡೆಯ ಮೇಲೆ ಏನು ಬರೆದಿದೆ ಅಂತ ಓದಲೂ ಇಲ್ಲ, ಏರಿಸಿಬಿಟ್ಟೆ.

ಭಾನುವಾರ ಸಹಸ್ರಲಿಂಗದ ಕಡೆ ಹೊರಟೆವು. ಡಾಂಬರು ಬಿಟ್ಟು ತೋಟದ ದಾರಿಗೆ ಇಳಿದಿದ್ದಷ್ಟೇ. ಪಾಚಿ ಕಟ್ಟಿದ ಚಿರೆಕಲ್ಲಿನ ಮೇಲೆ ಮುಂದಿನ ಚಕ್ರ ಸೋಪಿನ ಹಾಗೆ ಸರಿಯಿತು. ಬ್ರೇಕೂ ಹಿಡಿದಿರಲಿಲ್ಲ. ಹಿಂದೆ ಬರುತ್ತಿದ್ದ ಮಾವನ ಮಗ, ಹಳೇ ಸವೆದ ಟೈರಿನವನು, ಅದೇ ಕಲ್ಲು ದಾಟಿ ನಿಂತು ನಕ್ಕ. ಉಂಬಳ ಕಚ್ಚಿದ್ದೂ ಗೊತ್ತಾಗಲಿಲ್ಲ ನನಗೆ, ಅಷ್ಟು ಸಿಟ್ಟು.

ಮನೆಗೆ ಬಂದು ಬಾವಿಕಟ್ಟೆಯಲ್ಲಿ ಸೋಪು ಹಾಕಿ ತೊಳೆದೆ. ಹೊಳಪು ನೀರಲ್ಲಿ ಹರಿದುಹೋಯಿತು. ಒಳಗಿನಿಂದ ಬೂದು ಬಣ್ಣ ಬಂತು, ಬಟನ್‌ಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಬಿಸಿಲಿಗೆ, ಗಾಳಿಗೆ ಒಣಗಿದ ಹಳೇ ಸ್ಟಾಕ್, ಮೇಲೆ ಪಾಲಿಶ್. ಬೆರಳುಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ. ಟೈರಿನ ಗೋಡೆಯ ಮೇಲೆ 54-584 ಅಂತ ಇತ್ತು. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಅಂದರೆ 2.1 ಇಂಚು. ನಾನು ಕೇಳಿದ್ದಕ್ಕೆ 57-584 ಇರಬೇಕಿತ್ತು. ಒದ್ದೆ ಟೈರ್ ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ಫೋಟೋ ಕಳಿಸಿದೆ. ಉತ್ತರ ಕೇಳಿ.

"ಬಿರುಕಲ್ಲ ಸರ್, ಡಿಸೈನ್."

"ಮಳೆಯಲ್ಲಿ ಎಲ್ಲ ಟೈರೂ ಜಾರುತ್ತೆ, ಅಲ್ವಾ?"

"ಗಾಳಿ ಜಾಸ್ತಿ ಹಾಕಿರ್ತೀರಿ." ಹಾಕಿದ್ದು 30 ಪಿಎಸ್‌ಐ ಮಾತ್ರ ಅಂದೆ. "ಹಾಗಾದ್ರೆ ಕಮ್ಮಿ ಆಗಿದೆ!"

ರಬ್ಬರ್ ಎಷ್ಟು ಗಟ್ಟಿ ಅಂತ ಹೇಳುವ ಶೋರ್ ಎ ಅಳತೆ ಎಷ್ಟು ಅಂತ ಕೇಳಿದೆ. 50ರ ಒಳಗಿದ್ದರೆ ಮೆತ್ತಗೆ, 60 ದಾಟಿದರೆ ಗಟ್ಟಿ, ಅಷ್ಟೇ ಲೆಕ್ಕ. "ಅದೆಲ್ಲ ಕಾರಿಗೆ ಸರ್" ಅಂದ. ಕಾರಿಗಂತೆ! ಓದಿದ ತಕ್ಷಣ ಮೈ ಉರಿಯಿತು. ಇವನಿಗೆ ದುಡ್ಡು ಕೊಟ್ಟವನು ನಾನು.

ವಾಪಸ್ ಕೇಳಿದರೆ, ಏರಿಸಿದ ಟೈರ್ ವಾಪಸ್ ಇಲ್ಲವಂತೆ. ಅದು ಎಷ್ಟೋ ಅಂಗಡಿಗಳ ನಿಯಮವೂ ಹೌದು, ಬಿಡಿ. ಅದಕ್ಕೇ ಹೇಳುತ್ತಿದ್ದೇನೆ, ಏರಿಸುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟನ್ ಬುಡ ಬಗ್ಗಿಸಿ ನೋಡಿ, ಗೋಡೆಯ ಮೇಲಿನ ಅಂಕಿ ಓದಿ. ಬಾಳಿಕೆ ಬೇಕೇ ಬೇಕು ಅಂದರೆ ಗಟ್ಟಿಯದ್ದನ್ನು ಹಿಂದಿನ ಚಕ್ರಕ್ಕೆ ಹಾಕಿ, ಸವೆಯೋದು ಅದೇ ಜಾಸ್ತಿ. ಮುಂದಿನದು ಮೆತ್ತಗೇ ಇರಲಿ. ಮುಂದಿನದು ಜಾರಿದರೆ ಏನಾಗುತ್ತದೆ ಅಂತ ನನ್ನ ಮೊಣಕೈ ನೋಡಿ.

ನಿನ್ನೆ ಅವನದೇ ಮೆಸೇಜ್ ಬಂತು: "ಸರ್, ಬೇಜಾರಾಗಬೇಡಿ. ಅದೇ ಟೈರ್ ಇನ್ನೊಂದು ಜೊತೆ ಇದೆ, ಅರ್ಧ ರೇಟಿಗೆ ಕೊಡಲಾ?"