ವಿನ್ನಿಪೆಗ್ ಹಿಮನಾ, ಚೇರಂಬಾಣೆ ಮಳೆನಾ: ಎರಡರಲ್ಲೂ ಇದ್ದು ನೋಡಿದ ಲೆಕ್ಕ

ನಮ್ಮ ಚಿಕ್ಕಪ್ಪನ ಮಗಳು ಬರೋ ಜನವರಿಗೆ ಓದೋಕೆ ಅಂತ ಕೆನಡಾಕ್ಕೆ ಹೊರಟಿದ್ದಾಳೆ, ಅದೂ ನಾನು ಆರು ಚಳಿಗಾಲ ಕಳೆದ ವಿನ್ನಿಪೆಗ್‌ಗೇ. ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ, "ಅಕ್ಕಾ, ನಮ್ಮ ಮಳೆಗಾಲಕ್ಕಿಂತ ಕಷ್ಟ ಉಂಟಾ ಅಲ್ಲಿ?" ಎಷ್ಟು ಹೇಳಿದ್ರೂ ಮುಗಿಯಲ್ಲ, ಅರ್ಧಕ್ಕೆ ನೆಟ್‌ವರ್ಕ್ ಹೋಗುತ್ತೆ, ಅದಕ್ಕೇ ಕೂತು ಬರೀತಿದ್ದೀನಿ. ನಾನು ವಾಪಸ್ ಬಂದು ಇದು ನಾಲ್ಕನೇ ಮಳೆಗಾಲ, ಕೊಡಗಿನ ಚೇರಂಬಾಣೆ ಕಡೆ ಅಪ್ಪನ ತೋಟದ ಮನೆಯಲ್ಲಿ ಇದ್ದೀನಿ. ಹೋಗುವಾಗ ಇದ್ದ ಭಯ ಇನ್ನೂ ನೆನಪಿದೆ, ಬಂದಮೇಲೆ ಹುಟ್ಟಿದ ಊರಿನ ಮಳೆಯೇ ಇಷ್ಟು ಕಷ್ಟ ಆಗಿದ್ದೂ ನೆನಪಿದೆ.

ಮೊದಲು ಎಷ್ಟು ಬೀಳುತ್ತೆ ಅನ್ನೋದು. ತೋಟದ ಮನೆಯವರಿಗೆ ಗೊತ್ತು, ಬೆಳಿಗ್ಗೆ ಎದ್ದ ಕೂಡ್ಲೆ ಅಂಗಳದಲ್ಲಿ ಮಳೆ ಅಳೆಯೋ ರೈನ್‌ಗೇಜ್ ನೋಡಿ ಇಂಚು-ಸೆಂಟ್ (ನೂರು ಸೆಂಟ್ ಅಂದ್ರೆ ಒಂದಿಂಚು) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದು ಆಮೇಲೆ ಪಕ್ಕದ ತೋಟದವರಿಗೆ "ನಿಮ್ಮಲ್ಲಿ ಎಷ್ಟಾಯ್ತು?" ಅಂತ ಕೇಳೋದು. ಅಪ್ಪನ ಪುಸ್ತಕದಲ್ಲಿ ಒಂದೇ ದಿನಕ್ಕೆ 8 ಇಂಚು ಬರೆದಿರೋ ಜುಲೈಗಳು ಬೇಕಾದಷ್ಟಿವೆ. ವಿನ್ನಿಪೆಗ್‌ನಲ್ಲಿ ಇಡೀ ಚಳಿಗಾಲಕ್ಕೆ ಬೀಳೋ ಹಿಮ ಹೆಚ್ಚುಕಮ್ಮಿ 45 ಇಂಚು. ಹತ್ತು ಇಂಚು ಹಿಮ ಕರಗಿದ್ರೆ ಸುಮಾರು ಒಂದಿಂಚು ನೀರು, ಅಂದ್ರೆ ಅವರ ಐದು ತಿಂಗಳ ಹಿಮ ಎಲ್ಲಾ ಸೇರಿ ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಇಂಚು ಮಳೆ. ಅಪ್ಪನಿಗೆ ಇದನ್ನ ಹೇಳಿದ್ರೆ ಅವರು ನಂಬಲೇ ಇಲ್ಲ, "ಅಷ್ಟಕ್ಕಾ ಅವರು ಅಷ್ಟು ಒದ್ದಾಡೋದು?" ಅಂದ್ರು. ಅಲ್ಲಿ ವಿಷಯ ಎಷ್ಟು ಬಿತ್ತು ಅನ್ನೋದಲ್ಲ, ಬಿದ್ದದ್ದು ಹೋಗಲ್ಲ ಅನ್ನೋದು. ನವೆಂಬರ್‌ನಲ್ಲಿ ಬಾಗಿಲ ಮುಂದೆ ಬಿದ್ದ ಹಿಮ ಮಾರ್ಚ್ ತನಕ ಅಲ್ಲೇ ಇರುತ್ತೆ, ಮೇಲೆ ಮೇಲೆ ಬೀಳ್ತಾ ಗಟ್ಟಿಯಾಗ್ತಾ, ನಾವು ದಿನಾ ಸಲಿಕೆ ಹಿಡಿದು ಪಕ್ಕಕ್ಕೆ ತಳ್ತಾ, ಕೊನೆಗೆ ರಸ್ತೆಗೆ ಹಾಕಿದ ಮರಳೆಲ್ಲ ಸೇರ್ಕೊಂಡು ಬೂದಿ ಬಣ್ಣದ ಗೋಡೆ ಆಗಿಬಿಡುತ್ತೆ. ನಮ್ಮ ಮಳೆ ಹಾಗಲ್ಲ, ಬಿದ್ದದ್ದೆಲ್ಲ ಹರಿದು ಹೋಗುತ್ತೆ, ಹೋಗುವಾಗ ಮಣ್ಣನ್ನೂ ಕರ್ಕೊಂಡು ಹೋಗುತ್ತೆ.

ಇನ್ನು ಒದ್ದೆ. ಇಡೀ ಹೋಲಿಕೆ ನಿಂತಿರೋದೇ ಇದರ ಮೇಲೆ, ಅದಕ್ಕೆ ಇದನ್ನ ಸ್ವಲ್ಪ ಉದ್ದ ಹೇಳ್ತೀನಿ.

ಹಿಮ ಒಣ ವಸ್ತು. ಮೈನಸ್ 20ರಲ್ಲಿ ಬಿದ್ದ ಹಿಮ ಹಿಟ್ಟಿನ ಹಾಗೆ, ಜಾಕೆಟ್ ಮೇಲೆ ಬಿದ್ರೆ ಕೈಯಲ್ಲಿ ಕೊಡವಿದ್ರೆ ಆಯ್ತು, ಮೈ ಒದ್ದೆ ಆಗಲ್ಲ. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದ್ರೆ ಚಳಿಗಾಲ ಹೊರಗೇ ಉಳಿಯಿತು, ಒಳಗೆ ಹೀಟಿಂಗ್ ಇರುತ್ತೆ, ಬರೀ ಟೀ-ಶರ್ಟ್‌ನಲ್ಲಿ ಇರಬಹುದು. ಆದ್ರೆ ತಣ್ಣಗಿನ ಗಾಳಿಯಲ್ಲಿ ತೇವ ಇರೋದೇ ಕಮ್ಮಿ, ಅದನ್ನ ಬಿಸಿ ಮಾಡಿದ್ರೆ ಇನ್ನೂ ಒಣ. ಮೊದಲನೇ ವರ್ಷ ನನಗೆ ಮೂಗಲ್ಲಿ ರಕ್ತ ಬಂತು, ಹಿಮ್ಮಡಿ ಒಡೆದು ಕಾಲೂರೋಕೆ ಆಗ್ತಿರಲಿಲ್ಲ, ಬಾಗಿಲ ಹಿಡಿ ಮುಟ್ಟಿದ್ರೆ ಚಟ್ ಅಂತ ಶಾಕ್ ಹೊಡೆಯೋದು. ತೇವ ಬೇಕು ಅಂತ ಮಲಗೋ ಕೋಣೆಯಲ್ಲಿ ನೀರಿನ ಹಬೆ ಬಿಡೋ ಮಿಷನ್ ಇಟ್ಕೊಂಡು ಮಲಗ್ತಿದ್ದೆ. ದುಡ್ಡು ಕೊಟ್ಟು ತೇವ ತಗೊಳ್ಳೋದು ಅಂದ್ರೆ ಅಮ್ಮ ಇವತ್ತಿಗೂ ಆಶ್ಚರ್ಯ ಪಡ್ತಾರೆ.

ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಮನೆಯೊಳಗೇ ವಾಸ. ಉಪ್ಪಿನ ಭರಣಿಯಲ್ಲಿ ನೀರು ಒಸರುತ್ತೆ, ಬೆಂಕಿಕಡ್ಡಿ ಗೀರಿದ್ರೆ ಮದ್ದು ಮೆತ್ತಗಾಗಿ ಕಿತ್ಕೊಂಡು ಬರುತ್ತೆ. ಹೋದ ತಿಂಗಳು ಬೀರು ತೆಗೆದು ನೋಡಿದ್ರೆ ಅಪ್ಪನ ಚರ್ಮದ ಬೆಲ್ಟ್ ಪೂರ್ತಿ ಹಸಿರು ಬೂಷ್ಟು, ಬಕಲ್ ಹತ್ರ ಮಾತ್ರ ಬಿಳಿ, ಹತ್ತಿಯ ಹಾಗೆ ಮೃದು, ಬೆರಳಿಟ್ರೆ ಪುಡಿ ಹಾರ್ತು. ಅದರ ಕೆಳಗೆ ನನ್ನ ಡಿಗ್ರಿ ಸರ್ಟಿಫಿಕೇಟ್ ಇದ್ದ ಫೈಲು, ಅಂಚಲ್ಲಿ ಆಗಲೇ ಕಂದು ಚುಕ್ಕಿ. ಬೀರುವಿನೊಳಗೆ ಒಂದು ಬಲ್ಬ್ ಉರಿಸಿಡೋದು ನಮ್ಮ ಕಡೆಯ ಹಳೇ ಉಪಾಯ, ಮಾಡ್ತೀವಿ, ಆದ್ರೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ ಅಂದ್ರೆ ಬಲ್ಬ್ ಎಲ್ಲಿ ಉರಿಯುತ್ತೆ?

ಬಟ್ಟೆ ಒಣಗಿಸೋದರಲ್ಲಿ ನಾನು ಮೂರು ದಾರಿ ನೋಡಿದ್ದೀನಿ. ಫ್ಯಾನ್ ಕೆಳಗೆ ಹಾಕಿದ್ರೆ ಎರಡು ದಿನ ಆದ್ರೂ ಜೀನ್ಸ್‌ನ ಸೊಂಟ ಒಣಗಲ್ಲ, ವಾಸನೆ ಬರುತ್ತೆ. ಕರೆಂಟಿನ ಡ್ರೈಯರ್ ತಂದೆ, ಕರೆಂಟ್ ಇದ್ದ ದಿನ ಅದಕ್ಕಿಂತ ಒಳ್ಳೇದಿಲ್ಲ, ಇಲ್ಲದ ದಿನ ಅದೊಂದು ಪೆಟ್ಟಿಗೆ ಅಷ್ಟೆ. ಅಜ್ಜಿ ಕಾಲದ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಮೇಲೆ ಬಿದಿರಿನ ಕುಕ್ಕೆ ಮಗುಚಿ ಅದರ ಮೇಲೆ ಮಗುವಿನ ಬಟ್ಟೆ ಹರಡೋದು, ಇದೇ ಗೆದ್ದಿದ್ದು, ಅರ್ಧ ಗಂಟೆಗೆ ಗರಿಗರಿ, ಹೊಗೆ ವಾಸನೆ ಇರುತ್ತೆ ಆದ್ರೆ ಆ ವಾಸನೆ ನನಗೆ ಇಷ್ಟ. ವಿನ್ನಿಪೆಗ್‌ನಲ್ಲಿ ಒಂದ್ಸಲ ನೋಡೋಣ ಅಂತ ಟವೆಲ್‌ನ ಬಾಲ್ಕನಿಯಲ್ಲಿ ಹಾಕಿದ್ದೆ, ಹಲಗೆ ಹಾಗೆ ಸೆಟೆದು ನಿಂತ್ಕೊಳ್ತು. ಮಾರನೇ ದಿನ ಒಳಗೆ ತಂದ್ರೆ ಅರ್ಧಕ್ಕರ್ಧ ಒಣಗಿತ್ತು, ಮಂಜುಗಡ್ಡೆ ಕರಗದೇ ನೇರವಾಗಿ ಗಾಳಿಗೆ ಹೋಗುತ್ತಂತೆ.

ಬೆಳಕಿನ ವಿಷಯದಲ್ಲಿ ನಾನು ಅಂದ್ಕೊಂಡಿದ್ದು ಪೂರ್ತಿ ತಪ್ಪಾಯ್ತು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಬೆಳಗಾಗೋದೇ 8:25ಕ್ಕೆ, ಸಂಜೆ ನಾಲ್ಕೂವರೆಗೆ ಸೂರ್ಯ ಹೋಯ್ತು, ಎಂಟು ಗಂಟೆ ಹಗಲು ಅಷ್ಟೆ. ಕೇಳಿದ್ರೆ ಹೆದರಿಕೆ ಆಗುತ್ತೆ. ಆದ್ರೆ ಅಲ್ಲಿ ಭಯಂಕರ ಚಳಿ ಇರೋ ದಿನವೇ ಆಕಾಶ ನೀಲಿ, ಮೋಡ ಇಲ್ಲದ್ದಕ್ಕೇ ನೆಲದ ಶಾಖ ಎಲ್ಲಾ ಮೇಲೆ ಹೋಗಿ ಮೈನಸ್ 30 ಆಗೋದು. ಹಿಮದ ಮೇಲೆ ಬಿಸಿಲು ಬಿದ್ದು ಕಣ್ಣು ಕೋರೈಸೋದು, ಕೂಲಿಂಗ್ ಗ್ಲಾಸ್ ಬೇಕೇ ಬೇಕು. ನಮ್ಮ ಜುಲೈನಲ್ಲಿ ಹಗಲು ಹದಿಮೂರು ಗಂಟೆ ಹತ್ರ ಇದ್ರೂ ಮೂರು ವಾರ ಸೂರ್ಯನ ಮುಖ ಕಾಣಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಅಡುಗೆಮನೆಯಲ್ಲಿ ಲೈಟ್ ಬೇಕು. ಮನಸ್ಸು ಕುಗ್ಗೋದು ಹೆಚ್ಚು ಎಲ್ಲಿ ಅಂದ್ರೆ, ನನಗೆ ಇಲ್ಲೇ. ಮೂರನೇ ವಾರಕ್ಕೆ ನಾನು ಸುಮ್ನೆ ಸುಮ್ನೆ ಅಳ್ತೀನಿ, ಅಮ್ಮನಿಗೂ ಹಾಗೇ ಆಗುತ್ತಂತೆ, ನಾನು ಕೇಳೋ ತನಕ ಯಾರ ಹತ್ರಾನೂ ಹೇಳಿರಲಿಲ್ಲ.

ಹೊರಗೆ ಹೋಗೋದು ಅಲ್ಲಿ ದೊಡ್ಡ ಕೆಲಸ. ಮಗಳಿಗೆ ಒಳಂಗಿ, ಸ್ವೆಟರ್, ಸ್ನೋ ಪ್ಯಾಂಟ್, ಎರಡು ಸಾಕ್ಸ್, ಬೂಟ್, ಟೋಪಿ, ಕೈಗವಸು ಎಲ್ಲಾ ಹಾಕೋಕೆ ಕಾಲು ಗಂಟೆ, ಎಲ್ಲಾ ಆದ್ಮೇಲೆ ಅವಳಿಗೆ ಬಾತ್‌ರೂಂಗೆ ಹೋಗ್ಬೇಕು ಅನ್ಸೋದು. ಗಾಳಿ ಸೇರಿ ಮೈನಸ್ 40 ಅನ್ನಿಸೋ ದಿನ ಬರೀ ಮೈ ಐದು-ಹತ್ತು ನಿಮಿಷ ಹೊರಗಿದ್ರೆ ಚರ್ಮ ಹೆಪ್ಪುಗಟ್ಟುತ್ತೆ, ಇದು ಹೆದರಿಸೋ ಮಾತಲ್ಲ. ಉಸಿರೆಳೆದ್ರೆ ಮೂಗಿನ ಕೂದಲು ಅಂಟಿಕೊಂಡ ಹಾಗೆ ಆಗುತ್ತೆ. ಕಾರುಗಳ ಮುಂದಿನ ಗ್ರಿಲ್‌ನಿಂದ ಒಂದು ಪ್ಲಗ್ ನೇತಾಡ್ತಾ ಇರುತ್ತೆ, ರಾತ್ರಿ ಅದನ್ನ ಕರೆಂಟಿಗೆ ಹಾಕಿ ಇಂಜಿನ್ ಬೆಚ್ಚಗೆ ಇಡ್ಬೇಕು, ಇಲ್ದಿದ್ರೆ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ರಾತ್ರಿಯಿಡೀ ನಿಂತ ಟೈರ್ ಕೆಳಗಡೆ ಚಪ್ಪಟೆ ಆಗಿ ಮೊದಲ ಒಂದು ಕಿಲೋಮೀಟರ್ ಧಡ್ ಧಡ್ ಅನ್ನುತ್ತೆ. ಒಂದು ರಾತ್ರಿ ಬಾಡಿಗೆ ಮನೆಯ ಹೀಟಿಂಗ್ ಕೆಟ್ಟು ಮಾಲೀಕರು ಫೋನ್ ಎತ್ತದೇ ಬೆಳಗಿನ ತನಕ ಮಗಳನ್ನ ನಮ್ಮಿಬ್ಬರ ಮಧ್ಯೆ ಮಲಗಿಸಿಕೊಂಡು ಅವಳ ಕಾಲು ಉಜ್ಜುತ್ತಾ ಇದ್ವಿ, ಆ ರಾತ್ರಿ ಮಾತ್ರ ಮರೆಯೋಕಾಗಲ್ಲ.

ಇಲ್ಲಿ ಗಂಬೂಟ್ ಹಾಕಿ ತಲೆಗೊಂದು ಪ್ಲಾಸ್ಟಿಕ್ ಕೊಪ್ಪೆ ಸುತ್ಕೊಂಡ್ರೆ ಹೊರಟೆ. ಇಂಬಳ (ಜಿಗಣೆ) ಹತ್ತುತ್ತೆ, ಸುಣ್ಣ ಇಲ್ಲಾ ಉಪ್ಪು ಹಚ್ಚಿದ್ರೆ ಬಿಡುತ್ತೆ, ಅದೇನು ದೊಡ್ಡದಲ್ಲ.

ಆದ್ರೆ ಭಯ ಅಂತ ಬಂದ್ರೆ ಹಿಮವೇ ಸೌಮ್ಯ, ಇದನ್ನ ನಾನು ಯೋಚನೆ ಮಾಡಿಯೇ ಹೇಳ್ತಿದ್ದೀನಿ. ಹಿಮ ಮುಂಚೆಯೇ ತಿಳಿಸಿ ಬರುತ್ತೆ. ಏಪ್ರಿಲ್‌ನಲ್ಲಿ ಕರಗಿದಾಗ ರೆಡ್ ನದಿಗೆ ಪ್ರವಾಹ ಬರೋದುಂಟು, ಆ ನದಿ ಉತ್ತರಕ್ಕೆ ಹರಿಯೋದ್ರಿಂದ ದಕ್ಷಿಣಕ್ಕಿರೋ ಮೇಲಿನ ಊರಲ್ಲಿ ಮೊದಲೇ ಕರಗಿ ಕೆಳಗೆ ಇನ್ನೂ ಗಡ್ಡೆ ಇರುವಾಗಲೇ ನೀರು ಬಂದುಬಿಡುತ್ತೆ. ಅದಕ್ಕೇ ಊರನ್ನ ಬಳಸಿ ಹೋಗೋ ಹಾಗೆ 47 ಕಿಲೋಮೀಟರ್ ಕಾಲುವೆ ತೋಡಿ 1968ರಲ್ಲಿ ಮುಗಿಸಿದ್ರು, 1997ರ ದೊಡ್ಡ ನೆರೆಯಲ್ಲಿ ಊರು ಉಳಿದದ್ದು ಅದರಿಂದ. ನಮ್ಮ ಗುಡ್ಡಕ್ಕೆ ಹಾಗೆ ಕಾಲುವೆ ತೋಡೋಕಾಗುತ್ತಾ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ನಾನು ವಿನ್ನಿಪೆಗ್‌ನಲ್ಲಿದ್ದೆ, ಅಲ್ಲಿ ಆಗ ಬೇಸಿಗೆ, ಜನ ಪಾರ್ಕಲ್ಲಿ ಐಸ್‌ಕ್ರೀಂ ತಿಂತಿದ್ರು. ಎರಡು ದಿನ ಅಪ್ಪನ ಫೋನ್ ಸಿಗಲಿಲ್ಲ. ಮೂರನೇ ದಿನ ಸಿಕ್ಕಿದಾಗ ಅಪ್ಪ ಮೊದಲು ಹೇಳಿದ್ದು "ಮಗಳೇ, ನಾವು ಕ್ಷೇಮ, ಮೇಲಿನ ತೋಟ ಸ್ವಲ್ಪ ಕುಸಿದಿದೆ ಅಷ್ಟೆ" ಅಂತ. ಬಂದು ನೋಡಿದ್ರೆ ಸ್ವಲ್ಪ ಅಲ್ಲ. 2020ರಲ್ಲಿ ತಲಕಾವೇರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಹೋಯ್ತು. ಈಗ ರಾತ್ರಿ ಜೋರು ಮಳೆ ಬಂದ್ರೆ ನಾನು ಎದ್ದು ಕೂತ್ಕೋತೀನಿ, ಆರು ವರ್ಷದಲ್ಲಿ ಹಿಮ ಬೀಳ್ತಿದೆ ಅಂತ ಒಂದು ದಿನವೂ ಹಾಗೆ ಎದ್ದಿಲ್ಲ.

ಇಷ್ಟು ಓದಿ ಹಿಮವೇ ಒಳ್ಳೇದು ಅಂದ್ಕೋಬೇಡಿ, ಊಟದ ವಿಷಯ ಬಾಕಿ ಇದೆ.

ಹಿಮದ ಕೆಳಗೆ ಎಂತದೂ ಬೆಳೆಯಲ್ಲ. ಐದು ತಿಂಗಳು ಅಂಗಡಿಯ ತರಕಾರಿ, ಫ್ರೋಜನ್ ನುಗ್ಗೆಕಾಯಿ. ಇಡ್ಲಿ ಹಿಟ್ಟು ಉಬ್ಬೋಕೆ ಓವನ್‌ನ ಲೈಟ್ ಹಾಕಿ ಒಳಗಿಡ್ಬೇಕು. ಫೆಬ್ರವರಿ ಹಬ್ಬದಲ್ಲಿ ಹಿಮದ ಮೇಲೆ ಬಿಸಿ ಮೇಪಲ್ ಪಾಕ ಸುರಿದು ಕಡ್ಡಿಗೆ ಸುತ್ತಿ ಕೊಡ್ತಾರೆ, ಎಳೆ ಬೆಲ್ಲದ ಪಾಕದ ಹಾಗೇ ಇರುತ್ತೆ, ಅದೊಂದು ನನಗೆ ಈಗಲೂ ಆಸೆ. ನಮ್ಮಲ್ಲಿ ಮಳೆ ಶುರುವಾಯ್ತು ಅಂದ್ರೆ ಕಾಡೇ ಅಡುಗೆಮನೆಗೆ ಬರುತ್ತೆ. ಕಣಿಲೆ (ಎಳೆ ಬಿದಿರು) ಹೆಚ್ಚಿ ಎರಡು-ಮೂರು ದಿನ ನೀರು ಬದಲಾಯಿಸ್ತಾ ನೆನೆಸಿಟ್ಟು ಮಾಡಿದ ಪಲ್ಯ, ಗುಡುಗಿದ ಮಾರನೇ ದಿನ ಹುಡುಕೋ ಅಣಬೆ, ಗದ್ದೆ ಏಡಿ ಸಾರು, ಕೆಸದ ಸೊಪ್ಪು, ಜೊತೆಗೆ ಕಾಚಂಪುಳಿ ಅನ್ನೋ ಕಪ್ಪು ಹುಳಿ ಬಿಟ್ಟ ಹಂದಿ ಕರಿ, ಬಿಸಿ ಕಡಂಬುಟ್ಟು ಅಂದ್ರೆ ಅಕ್ಕಿ ಉಂಡೆ. ಆಗಸ್ಟ್ 3ರ ಹೊತ್ತಿಗೆ ಕಕ್ಕಡ ಹದಿನೆಂಟು (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಬಂತು ಅಂದ್ರೆ ಮದ್ದುಸೊಪ್ಪಿನ ಪಾಯಸ, ಆ ನೇರಳೆ ಬಣ್ಣ, ಅದರ ಘಮ ಇಡೀ ಮನೆಗೆ. ವಿನ್ನಿಪೆಗ್‌ನಲ್ಲಿ ಆರು ವರ್ಷ ಆ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೀನಿ.

ಸಂತೋಷಕ್ಕೆ ಅಲ್ಲೂ ಕಮ್ಮಿ ಇಲ್ಲ. ರೆಡ್ ಮತ್ತು ಅಸಿನಿಬೊಯಿನ್ ಎರಡು ನದಿ ಸೇರೋ ಜಾಗ ಊರ ಮಧ್ಯವೇ ಇದೆ, ಜನವರಿಯಲ್ಲಿ ಅದು ಹೆಪ್ಪುಗಟ್ಟಿ ಜನ ಅದರ ಮೇಲೆ ಸ್ಕೇಟಿಂಗ್ ಮಾಡ್ತಾರೆ. ಮೊದಲ ಸಲ ಸಂಗಮದ ಮೇಲೆ ನಿಂತಾಗ ನನಗೆ ನೆನಪಾಗಿದ್ದು ಭಾಗಮಂಡಲ, ಅಲ್ಲಿ ಜುಲೈನಲ್ಲಿ ಕಾವೇರಿ, ಕನ್ನಿಕೆ ಉಕ್ಕಿ ಸ್ನಾನಘಟ್ಟ ಮುಳುಗಿ ಹತ್ರ ಹೋಗೋಕೂ ಬಿಡಲ್ಲ. ಕಾಲ ಕೆಳಗೆ ಹಿಮ ಕರ್ ಕರ್ ಅನ್ನೋ ಸದ್ದು, ಹಿಮ ಬಿದ್ದ ರಾತ್ರಿಯ ಆ ಮೌನ, ಎರಡೂ ಚೆಂದ. ಆದ್ರೂ ನಿದ್ದೆಗೆ ನಮ್ಮ ಹಂಚಿನ ಮೇಲಿನ ಮಳೆ ಸದ್ದೇ ಸರಿ, ಗುಡ್ಡದ ಭಯ ಇಲ್ಲದ ರಾತ್ರಿ.

ಹಾಗಾಗಿ ತಂಗೀ, ನಿನಗೆ ನನ್ನ ಉತ್ತರ: ಮೈಗೆ, ಮನೆಗೆ, ಸಾಮಾನಿಗೆ ಹಿಮ ಸುಲಭ, ನೀನು ಹೆದರಬೇಡ. ಬಾಯಿಗೂ ಊರಿನ ನೆನಪಿಗೂ ಅದು ಕಷ್ಟ. ನನಗೆ ಯಾವುದು ಬೇಕು ಅಂದ್ರೆ, ನಾನು ಇಲ್ಲೇ ಉಳಿದಿದ್ದೀನಿ, ಬೆಲ್ಟ್ ಬೂಷ್ಟು ಹಿಡಿದ್ರೂ. ನೀನು ಬೆಂಗಳೂರಲ್ಲಿ ದಪ್ಪ ಜಾಕೆಟ್ ತಗೊಂಡು ದುಡ್ಡು ಹಾಳು ಮಾಡಬೇಡ, ಅಲ್ಲೇ ತಗೋ, ಬೂಟ್ ತಗೊಳ್ಳುವಾಗ ಮೈನಸ್ 30 ತಡೆಯುತ್ತೆ ಅಂತ ಬರೆದಿರೋದನ್ನ ನೋಡಿ ತಗೋ. ಕೈಗೆ ಐದು ಬೆರಳಿನ ಗವಸು ಬೇಡ, ಎಲ್ಲಾ ಬೆರಳು ಒಟ್ಟಿಗೆ ಇರೋದೇ ಬೆಚ್ಚಗೆ. ಹಿಮ್ಮಡಿಗೆ ಮೊದಲ ದಿನದಿಂದಲೇ ಎಣ್ಣೆ ಹಚ್ಚು, ಒಡೆದ ಮೇಲೆ ಹಚ್ಚಿದ್ರೆ ವಾಸಿ ಆಗೋಕೆ ತಿಂಗಳು ಬೇಕು. ಸರ್ಟಿಫಿಕೇಟ್ ಎಲ್ಲಾ ನಿನ್ನ ಜೊತೆಗೇ ತಗೊಂಡು ಹೋಗು, ಅಲ್ಲಿ ಅವು ಹಾಳಾಗಲ್ಲ. ಕಾಚಂಪುಳಿ ಒಂದು ಬಾಟಲಿ ಅಮ್ಮ ತೆಗೆದಿಟ್ಟಿದ್ದಾರೆ, ಮುಚ್ಚಳಕ್ಕೆ ಟೇಪ್ ಸುತ್ತಿ ಬಟ್ಟೆ ಮಧ್ಯೆ ಇಟ್ಕೋ.