ಒಂದೇ ಸ್ಟುಡಿಯೋ, ಮೂರು ಆಲ್ಬಮ್: ಅಕ್ಕಪಕ್ಕ ಇಟ್ಟು ಕೇಳಿದ ಮೇಲೆ

ಎರಡು ಮೆಟಲ್ ಆಲ್ಬಮ್‌ಗಳಲ್ಲಿ, ಅಟ್ ದ ಗೇಟ್ಸ್ ಬ್ಯಾಂಡಿನ ಸ್ಲಾಟರ್ ಆಫ್ ದ ಸೋಲ್ ದೊಡ್ಡದೋ, ಡಾರ್ಕ್ ಟ್ರಾಂಕ್ವಿಲಿಟಿ ಬ್ಯಾಂಡಿನ ದ ಗ್ಯಾಲರಿ ದೊಡ್ಡದೋ ಅಂತ ನನಗೂ ನನ್ನ ತಮ್ಮನಿಗೂ ಹಾಸ್ಟೆಲ್ ದಿನಗಳಿಂದ ವಾದ ಇದೆ. ಅವನು ಹಾಸನದಲ್ಲಿದ್ದಾನೆ. ನಾನು ಕೆಲಸಕ್ಕೆ ಅಂತ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದು ಮೂರು ವರ್ಷ ಆಯಿತು. ವಾಹನ ಕಂಪನಿಗಳ ಊರಾದ್ದರಿಂದ ಬೆಂಗಳೂರಿನ ಕಡೆಯ ಎಂಜಿನಿಯರ್‌ಗಳು ಇಲ್ಲಿ ಬೇಕಾದಷ್ಟು ಸಿಗುತ್ತಾರೆ. ಆದರೆ ನನಗೆ ಈ ಊರಿನ ಹೆಸರು ಮೊದಲು ಗೊತ್ತಾಗಿದ್ದು ಕಾರಿನಿಂದ ಅಲ್ಲ, ಈ ಹಾಡುಗಳಿಂದ. ಕಳೆದ ನವೆಂಬರ್‌ನಲ್ಲಿ ಒಂದು ದಿನ ಫೋನ್ ಮಾಡಿದಾಗ ತಮ್ಮ, "ಅಣ್ಣ, ನೀನು ಸುಮ್ನೆ ನೆನಪಿನ ಮೇಲೆ ಮಾತಾಡ್ತೀಯ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ ಎಷ್ಟು ವರ್ಷ ಆಯ್ತು ಹೇಳು" ಅಂದ. ಅವನ ಮಾತು ಸರಿ ಅನ್ನಿಸಿತು. ಎರಡೂ ಆಲ್ಬಮ್ ಬಂದಿದ್ದು 1995ರ ನವೆಂಬರ್‌ನಲ್ಲಿ, ಸರಿಯಾಗಿ 30 ವರ್ಷದ ಹಿಂದೆ. ಕೇಳೋಣ ಅಂತ ಕೂತೆ.

ಎರಡರ ಜೊತೆ ಮೂರನೆಯದನ್ನೂ ಸೇರಿಸಿಕೊಂಡೆ, ಇನ್ ಫ್ಲೇಮ್ಸ್ ಬ್ಯಾಂಡಿನ ದ ಜೆಸ್ಟರ್ ರೇಸ್. ಅದು 1996ರ ಫೆಬ್ರವರಿಯದು. ಅದನ್ನು ಬಿಟ್ಟರೆ ಹೋಲಿಕೆ ಪೂರ್ತಿಯಾಗುವುದಿಲ್ಲ. ಯಾಕೆಂದರೆ ಮೂರನ್ನೂ ರೆಕಾರ್ಡ್ ಮಾಡಿದ್ದು ಇದೇ ಊರಿನ ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ, ನಿರ್ಮಾಪಕ ಫ್ರೆಡ್ರಿಕ್ ನೂರ್ಡ್‌ಸ್ಟ್ರೋಮ್ ಜೊತೆ. ಅರಚುವ ದನಿ, ಭಾರದ ಗಿಟಾರ್ ಜೊತೆ ರಾಗವನ್ನೂ ಬೆರೆಸುವ ಮೆಲೋಡಿಕ್ ಡೆತ್ ಮೆಟಲ್ ಅನ್ನುವುದಕ್ಕೆ ಗೋಥೆನ್‌ಬರ್ಗ್ ಸೌಂಡ್ ಅಂತ ಇನ್ನೊಂದು ಹೆಸರು ಬಂದಿದ್ದೇ ಈ ಮೂರು ಬ್ಯಾಂಡ್‌ಗಳಿಂದ. 1993ರಲ್ಲಿ ಕಾರ್ಕಸ್ ಬ್ಯಾಂಡ್ ಇಂಗ್ಲೆಂಡಿನಲ್ಲಿ ಮಾಡಿದ ಹಾರ್ಟ್‌ವರ್ಕ್ ಆಲ್ಬಮ್ ಇದಕ್ಕೂ ಮೊದಲೇ ದಾರಿ ಮಾಡಿತ್ತು, ಅದೂ ನನಗೆ ತುಂಬಾ ಇಷ್ಟ. ಆದರೆ ಅದು ಬೇರೆ ಊರು, ಬೇರೆ ಕಥೆ.

ಮೂರೂ ಸಿಡಿಗಳನ್ನು ಸ್ಟಿಗ್‌ಬೆರಿಸ್‌ಟೊರಿಯೆಟ್ ಚೌಕದ ಬೆಂಗಾನ್ಸ್ ಅಂಗಡಿಯಲ್ಲಿ ಕೊಂಡೆ. ಫೋನಿಗೆ ಹಾಕಿಕೊಂಡೆ. ಒಂದೊಂದು ಆಲ್ಬಮ್‌ಗೆ ಒಂದೊಂದು ವಾರ. ಕೆಲಸ ಮುಗಿಸಿ ಬ್ರುನ್ಸ್‌ಪಾರ್ಕೆನ್‌ನಲ್ಲಿ 11ನೇ ನಂಬರ್ ಟ್ರಾಮ್ ಹತ್ತಿ, ಕೊನೆಯ ಸ್ಟಾಪ್ ಸಾಲ್ಟ್‌ಹೋಲ್ಮೆನ್‌ವರೆಗೆ ಹೋಗಿ ವಾಪಸ್ ಬರುವುದು. ಅಲ್ಲಿ ಹಳಿ ಮುಗಿದು ಸಮುದ್ರ ಶುರುವಾಗುತ್ತದೆ, ದ್ವೀಪಗಳಿಗೆ ಹೋಗುವ ದೋಣಿಗಳು ನಿಂತಿರುತ್ತವೆ. ನವೆಂಬರ್ ಕೊನೆಯಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಕತ್ತಲು. ಹೆಡ್‌ಫೋನ್ ಒಂದೇ, ಸೀಟು ಆದಷ್ಟೂ ಒಂದೇ. ವಾಲ್ಯೂಮ್ ಮಾತ್ರ ಒಂದೇ ಇಡಲಿಲ್ಲ. ನನ್ನ ಸಿಡಿಗಳಲ್ಲಿ ಸ್ಲಾಟರ್ ಜಾಸ್ತಿ ಜೋರು, ಗ್ಯಾಲರಿ ಮೆತ್ತಗೆ. ಜೋರಾಗಿರುವುದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಅದಕ್ಕೇ ಸ್ಲಾಟರ್ ವಾರದಲ್ಲಿ ಎರಡು ಗೆರೆ ಇಳಿಸಿಕೊಂಡೆ. ಇಷ್ಟು ಮಾಡದೆ ಹೋಲಿಸಿದರೆ ಅನ್ಯಾಯ.

ಪರೀಕ್ಷೆ ಒಂದೇ. ಮನೆಗೆ ಬಂದು ಊಟ ಮಾಡಿ ಪಾತ್ರೆ ತೊಳೆಯುವಾಗ ಬಾಯಿಗೆ ತಾನಾಗಿ ಏನು ಬರುತ್ತದೆ, ಅದನ್ನು ಬರೆದಿಡುವುದು.

ಮೊದಲ ವಾರ ಅಟ್ ದ ಗೇಟ್ಸ್. ಸ್ಲಾಟರ್ ಆಫ್ ದ ಸೋಲ್ 11 ಹಾಡು, 34 ನಿಮಿಷ. ಟ್ರಾಮ್ ಕೊನೆಯ ಸ್ಟಾಪ್ ಮುಟ್ಟುವ ಹೊತ್ತಿಗೆ ಆಲ್ಬಮ್ ಬಹುಪಾಲು ಮುಗಿದಿರುತ್ತದೆ. ಬ್ಲೈಂಡೆಡ್ ಬೈ ಫಿಯರ್ ಶುರುವಾಗುವುದು ಯಂತ್ರದಂಥ ಸದ್ದಿನಿಂದ, ಮೇಲೆ ಒಂದು ಮಾತು, ಆಮೇಲೆ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಆ ರಿಫ್ ಬಂದ ಮೇಲೆ ಬಿಡುವೇ ಇಲ್ಲ. ಗಿಟಾರ್ ತಂತಿ ತುಂಬಾ ಕೆಳಕ್ಕೆ ಇಳಿಸಿದ್ದಾರೆ. ಸ್ಟಾಕ್‌ಹೋಮ್ ಕಡೆಯ ಡೆತ್ ಮೆಟಲ್ ಬ್ಯಾಂಡ್‌ಗಳು ಬಳಸುತ್ತಿದ್ದ, ಗಿಟಾರ್ ಸದ್ದನ್ನು ಒರಟು ಮಾಡುವ ಬಾಸ್ ಕಂಪನಿಯ ಎಚ್‌ಎಂ-2 ಪೆಡಲ್ ಇಲ್ಲೂ ಇದೆ. ಅಲ್ಲಿ ಅದು ಮರ ಕೊಯ್ಯುವ ಗರಗಸದ ಹಾಗೆ ಗುರ್ ಅನ್ನುತ್ತದೆ, ಇಲ್ಲಿ ಅದೇ ಗರಗಸಕ್ಕೆ ಸಾಣೆ ಹಿಡಿದಂತಿದೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಏಡ್ರಿಯನ್ ಎರ್ಲಾಂಡ್‌ಸನ್ ಡ್ರಮ್ಸ್‌ನಲ್ಲಿ ಒಂದು ಪೆಟ್ಟು ಕೂಡ ಹೆಚ್ಚಿಲ್ಲ. ಶೀರ್ಷಿಕೆ ಹಾಡಿನಲ್ಲಿ ಹಾಡುಗಾರ ಟೋಮಾಸ್ ಲಿಂಡ್‌ಬರ್ಗ್ "ಗೋ!" ಅಂತ ಕೂಗುವ ಜಾಗ ನಿಮಗೆ ಗೊತ್ತಿರಬಹುದು. 20 ವರ್ಷದಿಂದ ಕೇಳುತ್ತಿದ್ದೇನೆ, ಈಗಲೂ ಬೆನ್ನು ನೆಟ್ಟಗಾಗುತ್ತದೆ.

ಈ ಬ್ಯಾಂಡಿನ 1992ರ ಮೊದಲ ಆಲ್ಬಮ್ ಕೇಳಿದವರಿಗೆ ಇವರು ಎಷ್ಟು ಬಿಟ್ಟುಕೊಟ್ಟರು ಅಂತ ಗೊತ್ತಾಗುತ್ತದೆ. ಅದರಲ್ಲಿ ವಯೊಲಿನ್ ಇತ್ತು, ತಿರುವುಮುರುವು ರಚನೆ ಇತ್ತು. ಸ್ಲಾಟರ್‌ನಲ್ಲಿ ಅದನ್ನೆಲ್ಲ ಸೋಸಿ ಗಸಿ ತೆಗೆದಿದ್ದಾರೆ. "ಒಂದು ಸೆಕೆಂಡೂ ವೇಸ್ಟ್ ಇಲ್ಲ" ಅಂತ ತಮ್ಮ ಹೇಳುವುದು ಇದನ್ನೇ. ನಾನು ಒಪ್ಪುತ್ತೇನೆ. ಕೋಲ್ಡ್ ಹಾಡಿನ ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬರುವ ಭಾಗ, ನುಡಿಸಿದ್ದು ಕಿಂಗ್ ಡೈಮಂಡ್ ಬ್ಯಾಂಡಿನ ಆಂಡಿ ಲಾರಾಕ್, ಅವರೂ ಇದೇ ಊರಿನವರು. ಓಟದ ನಡುವೆ ಯಾರೋ ಕಿಟಕಿ ತೆಗೆದು ಗಾಳಿ ಬಿಟ್ಟ ಹಾಗೆ ಆ ಸೋಲೋ ಬರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಲಿಂಡ್‌ಬರ್ಗ್ ತೀರಿಕೊಂಡರು. 52 ವರ್ಷ. ಅವತ್ತು ರಾತ್ರಿ ತಮ್ಮ ಫೋನ್ ಮಾಡಿದ. ಇಬ್ಬರೂ ಒಂದೇ ಹೊತ್ತಿಗೆ ಪ್ಲೇ ಒತ್ತಿ ಪೂರ್ತಿ ಆಲ್ಬಮ್ ಕೇಳಿದೆವು. ಯಾವುದು ದೊಡ್ಡದು ಅನ್ನುವ ಮಾತು ಬರಲಿಲ್ಲ.

ಆದರೂ ಹೋಲಿಕೆ ಅಂದ ಮೇಲೆ ಹೇಳಲೇಬೇಕು. ಐದನೇ ದಿನದ ಹೊತ್ತಿಗೆ ಈ ಆಲ್ಬಮ್ ನನಗೆ ಪೂರ್ತಿ ಸಿಕ್ಕಿಬಿಟ್ಟಿತ್ತು. ಸುಸ್ತಾಗಲಿಲ್ಲ, ಬೇಜಾರಾಗಲಿಲ್ಲ, ಆದರೆ ಹೊಸದೇನೂ ಸಿಗಲಿಲ್ಲ. ಬೇಸ್ ಗಿಟಾರ್ ಇತರ ಗಿಟಾರ್‌ಗಳ ನೆರಳಲ್ಲೇ ಇರುತ್ತದೆ, ಹುಡುಕಿದರೂ ಬೇರೆ ದಾರಿ ಹಿಡಿಯುವುದಿಲ್ಲ. ಆಮೇಲೆ ಬಂದ ಎಷ್ಟೋ ಅಮೆರಿಕನ್ ಮೆಟಲ್‌ಕೋರ್ (ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆಸುವ) ಬ್ಯಾಂಡ್‌ಗಳು ಇದೇ ರಿಫ್‌ಗಳಿಂದ ಪಾಠ ಕಲಿತವು. ಅವರನ್ನು ಮೊದಲು ಕೇಳಿದ ನಮ್ಮಂಥವರಿಗೆ ಮೂಲವೇ ಪರಿಚಿತ ಅನ್ನಿಸುತ್ತದೆ. ಇದು ಆಲ್ಬಮ್‌ನ ತಪ್ಪಲ್ಲ. ಪಾತ್ರೆ ತೊಳೆಯುವಾಗ ಬಂದಿದ್ದು ರಾಗಕ್ಕಿಂತ ಹೆಚ್ಚಾಗಿ ತಾಳ, ಸಿಂಕ್ ಮೇಲೆ ಬೆರಳು ಬಡಿಯುತ್ತಿತ್ತು.

ಎರಡನೇ ವಾರ ಜೆಸ್ಟರ್ ರೇಸ್. ಮೂನ್‌ಶೀಲ್ಡ್ ಅಕೂಸ್ಟಿಕ್ ಗಿಟಾರ್‌ನಿಂದ ಶುರುವಾಗಿ, ಅದೇ ಭಾವದಲ್ಲಿ ಭಾರದ ಗಿಟಾರ್‌ಗೆ ದಾಟುತ್ತದೆ. ಐರನ್ ಮೇಡನ್‌ನ ಜೋಡಿ ಗಿಟಾರ್ ರಾಗಗಳನ್ನು ಡೆತ್ ಮೆಟಲ್‌ಗೆ ತರುವುದು ಬ್ಯಾಂಡಿನ ಗಿಟಾರಿಸ್ಟ್ ಯೆಸ್ಪರ್ ಸ್ಟ್ರೋಮ್‌ಬ್ಲಾಡ್ ಆಸೆ. ಅವರೂ ಗ್ಲೆನ್ ಯುಂಗ್‌ಸ್ಟ್ರೋಮ್ ಕೂಡ ಒಂದೇ ರಾಗವನ್ನು ಜೊತೆಗೆ ನುಡಿಸುತ್ತಾರೆ, ಒಬ್ಬರು ಷಡ್ಜ ಹಿಡಿದರೆ ಇನ್ನೊಬ್ಬರು ಗಾಂಧಾರ. ಸ್ವರಗಳು ಬಹುಪಾಲು ನಮ್ಮ ನಠಭೈರವಿಯವೇ. ಅಮ್ಮ ಸಂಗೀತ ಹೇಳಿಕೊಡುತ್ತಿದ್ದ ಮನೆಯಲ್ಲಿ ಬೆಳೆದವನು ನಾನು. ಆರ್ಟಿಫ್ಯಾಕ್ಟ್ಸ್ ಆಫ್ ದ ಬ್ಲ್ಯಾಕ್ ರೇನ್‌ನ ರಾಗ ಮೊದಲ ಸಲವೇ ಮನೆಯದು ಅನ್ನಿಸಿದ್ದು ಅದಕ್ಕೇ ಇರಬೇಕು.

ಪಾತ್ರೆಯ ಪರೀಕ್ಷೆಯಲ್ಲಿ ಈ ಆಲ್ಬಮ್ ಮೊದಲ ದಿನವೇ ಗೆದ್ದಿತು. ಮೂನ್‌ಶೀಲ್ಡ್, ಆರ್ಟಿಫ್ಯಾಕ್ಟ್ಸ್, ದ ಜೆಸ್ಟರ್ಸ್ ಡಾನ್ಸ್, ಮೂರೂ ಒಂದೇ ಸಂಜೆ ಬಾಯಿಗೆ ಬಂದವು. ಮೂರನೇ ದಿನದಿಂದ ತೊಂದರೆ ಶುರು. ನಡುವಿನ ಹಾಡುಗಳ ನಡಿಗೆ ಒಂದೇ ಥರ. ಒಂದರ ರಾಗ ಇನ್ನೊಂದಕ್ಕೆ ಸೇರಿಕೊಳ್ಳುತ್ತದೆ. ಸಿಹಿ ಜಾಸ್ತಿಯಾದ ಹೋಳಿಗೆ ಊಟದ ಹಾಗೆ, ಎರಡನೆಯದು ತಿನ್ನುವಾಗಲೂ ಖುಷಿ, ನಾಲ್ಕನೆಯದಕ್ಕೆ ಕೈ ಹೋಗುವುದಿಲ್ಲ.

ಒಂದು ಜಾಗ ಮಾತ್ರ ವಾರಪೂರ್ತಿ ಕಾದು ಕೇಳಿದೆ. ಡಿಸೆಂಬರ್ ಫ್ಲವರ್‌ನ ಸೋಲೋ. ಇಡೀ ಆಲ್ಬಮ್‌ನಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ನುಡಿಸಿದ್ದು ಯಾರು ಗೊತ್ತಾ? ಡಾರ್ಕ್ ಟ್ರಾಂಕ್ವಿಲಿಟಿಯ ಫ್ರೆಡ್ರಿಕ್ ಯೋಹಾನ್ಸನ್, ಗ್ಯಾಲರಿಯ ಗಿಟಾರಿಸ್ಟ್. ಈ ಊರಿನ ಬ್ಯಾಂಡ್‌ಗಳು ಹಾಗೆಯೇ ಇದ್ದವು, ಒಂದೇ ಕೇರಿಯ ಮನೆಗಳ ಹಾಗೆ. ಇನ್ ಫ್ಲೇಮ್ಸ್‌ನ ಆಂಡರ್ಸ್ ಫ್ರಿಡೆನ್ 1993ರಲ್ಲಿ ಡಾರ್ಕ್ ಟ್ರಾಂಕ್ವಿಲಿಟಿಯ ಮೊದಲ ಆಲ್ಬಮ್‌ಗೆ ಹಾಡಿದವರು. ಡಾರ್ಕ್ ಟ್ರಾಂಕ್ವಿಲಿಟಿಯ ಮಿಕಾಯೆಲ್ ಸ್ಟಾನೆ 1994ರಲ್ಲಿ ಇನ್ ಫ್ಲೇಮ್ಸ್‌ನ ಮೊದಲ ಆಲ್ಬಮ್‌ಗೆ ಹಾಡಿದರು. ಸಕ್ಕರೆ ಸಾಲ ತಂದ ಹಾಗೆ ಹಾಡುಗಾರರನ್ನು ಕೊಟ್ಟು ತೆಗೆದುಕೊಂಡಿದ್ದಾರೆ. ಯೋಹಾನ್ಸನ್ 2022ರಲ್ಲಿ ತೀರಿಕೊಂಡರು. ಆ ಸೋಲೋ ಬಂದಾಗಲೆಲ್ಲ ಅದು ನೆನಪಾಗುತ್ತದೆ.

ಮೂರನೇ ವಾರ ಗ್ಯಾಲರಿ. ಮೊದಲ ದಿನ ಕಷ್ಟವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಸ್ಲಾಟರ್ ಕೇಳಿದ ಕಿವಿಗೆ ಇದರ ಸೌಂಡ್ ತೆಳ್ಳಗೆ. ಗಿಟಾರ್‌ಗೆ ಆ ತೂಕ ಇಲ್ಲ, ಡ್ರಮ್ಸ್ ಒಣಗಿದಂತೆ ಕೇಳುತ್ತದೆ. ಆಲ್ಬಮ್ ಮುಕ್ಕಾಲು ಗಂಟೆ ಮೀರುತ್ತದೆ. ಪನಿಶ್ ಮೈ ಹೆವನ್ ಬಾಗಿಲು ತಟ್ಟುವುದಿಲ್ಲ, ನುಗ್ಗುತ್ತದೆ. ನಾಲ್ಕೂ ಮುಕ್ಕಾಲು ನಿಮಿಷದಲ್ಲಿ ಅಷ್ಟೊಂದು ರಾಗ ತುಂಬಿದ್ದಾರೆ. ಬೇರೆ ಬ್ಯಾಂಡ್ ಆಗಿದ್ದರೆ ಅದರಲ್ಲಿ ಮೂರು ಹಾಡು ಮಾಡುತ್ತಿತ್ತು. ಸ್ಟಾನೆಯ ಸಾಹಿತ್ಯವೂ ಗಂಟುಗಂಟು, ಕೈಯಲ್ಲಿ ಪುಸ್ತಿಕೆ ಹಿಡಿದೇ ಕೇಳಬೇಕು. ಮೊದಲ ಸಂಜೆ ಪಾತ್ರೆ ತೊಳೆಯುವಾಗ ಬಾಯಿಗೆ ಏನೂ ಬರಲಿಲ್ಲ.

ಎರಡನೇ ದಿನ ಬಲಗಿವಿಯ ಗಿಟಾರ್ ಒಂದನ್ನೇ ಹಿಡಿದು ಕೇಳಿದೆ. ಮೂರನೇ ದಿನ ಎಡಗಿವಿಯದು. ಆಗ ಗೊತ್ತಾಯಿತು, ಇವರು ಇನ್ ಫ್ಲೇಮ್ಸ್ ಹಾಗೆ ಬರೀ ಜೊತೆ ಸ್ವರ ಹಿಡಿಯುವುದಿಲ್ಲ. ಇನ್ನೊಬ್ಬ ಗಿಟಾರಿಸ್ಟ್ ನಿಕ್ಲಾಸ್ ಸುಂದಿನ್ ಒಂದು ಮಾತು ಹೇಳಿದರೆ ಯೋಹಾನ್ಸನ್ ಇನ್ನೊಂದು ಹೇಳುತ್ತಾರೆ. ಕೆಲವು ಕಡೆ ಒಪ್ಪುತ್ತಾರೆ, ಕೆಲವು ಕಡೆ ಜಗಳ ಆಡುತ್ತಾರೆ. ಕೆಳಗಡೆ ಮಾರ್ಟಿನ್ ಹೆನ್ರಿಕ್ಸನ್ ಬೇಸ್‌ನಲ್ಲಿ ಮೂರನೆಯ ರಾಗ ಕಟ್ಟುತ್ತಿರುತ್ತಾರೆ. ಆ ತೆಳ್ಳಗಿನ ಸೌಂಡ್‌ಗೆ ಕಾರಣವೂ ಆಗ ಹೊಳೆಯಿತು. ಸ್ಲಾಟರ್‌ನ ತೂಕದ ಗಿಟಾರ್ ಇಲ್ಲಿಟ್ಟರೆ ಈ ಮೂರು ದನಿ ಒಂದರ ಮೇಲೊಂದು ಬಿದ್ದು ಮುಚ್ಚಿಹೋಗುತ್ತವೆ. ಜಾಗ ಬಿಟ್ಟಿರುವುದರಿಂದಲೇ ಎಲ್ಲವೂ ಕೇಳುತ್ತದೆ. ನಾನು ಇಷ್ಟು ವರ್ಷ ಇದನ್ನು ಕೊರತೆ ಅಂದುಕೊಂಡು ಕ್ಷಮಿಸುತ್ತಿದ್ದೆ. ಕ್ಷಮಿಸುವಂಥದ್ದು ಏನೂ ಇರಲಿಲ್ಲ.

ಲೀಥೆ ಹಾಡಿನ ಬಗ್ಗೆ ಹೇಳದೆ ಇರಲಾರೆ. ಲೀಥೆ ಅಂದರೆ ಗ್ರೀಕರ ಕಥೆಗಳಲ್ಲಿ ಬರುವ ಮರೆವಿನ ನದಿ, ಅದರ ನೀರು ಕುಡಿದರೆ ಹಿಂದಿನದೆಲ್ಲ ಮರೆತುಹೋಗುತ್ತದೆ. ಹಾಡು ಶುರುವಾಗುವುದು ಬೇಸ್‌ನಿಂದ. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಬೇಸ್ ಒಂದೇ ಹಾಡುತ್ತದೆ. ನಾಲ್ಕನೇ ದಿನ ಅದು ಬಂದಾಗ ನಾನು ಸಾಲ್ಟ್‌ಹೋಲ್ಮೆನ್‌ನಲ್ಲಿ ಇಳಿದು ದೋಣಿ ಕಟ್ಟೆಯ ಹತ್ತಿರ ನಿಂತಿದ್ದೆ. ಮಳೆ ಹನಿಯುತ್ತಿತ್ತು. ದೋಣಿಯೊಂದು ದೀಪ ಹಾಕಿಕೊಂಡು ಹೊರಟಿತು. ಬೆರಳು ತಂತಿಯ ಮೇಲೆ ಜಾರುವ ಸಣ್ಣ ಸದ್ದು ಕೂಡ ಕೇಳಿತು. ಆಮೇಲೆ ಉಳಿದವರೆಲ್ಲ ಸೇರಿಕೊಂಡಾಗ ಸ್ಟಾನೆ ಬಾಯಿ ತೆರೆದು ಅರಚುತ್ತಾರೆ, ಆ ಅರಚುವಿಕೆಯಲ್ಲಿ ಸಿಟ್ಟು ಇಲ್ಲ. ದುಃಖ ಇದೆ. ಲಿಂಡ್‌ಬರ್ಗ್ ದನಿಯಲ್ಲಿ ಗಾಯದ ಉರಿ ಇದೆ, ಫ್ರಿಡೆನ್ ದನಿ ಆಗ ಇನ್ನೂ ಜಾಗ ಹುಡುಕುತ್ತಿತ್ತು. ಸ್ಟಾನೆ ದನಿಯಲ್ಲಿ ಅಳು ತಡೆದುಕೊಂಡವನ ಗಂಟಲು ಇದೆ. ಮೂವರಲ್ಲಿ ನನ್ನ ಹತ್ತಿರ ಬಂದಿದ್ದು ಅವರೇ.

ನಾಲ್ಕನೇ ವಾರ ಮೂರನ್ನೂ ಕಲಸಿ ಕೇಳಿದೆ, ಹಾಡಿಗೆ ಎದುರಾಗಿ ಹಾಡು. ಶುರುವಿನ ಹಾಡುಗಳಲ್ಲಿ ಬ್ಲೈಂಡೆಡ್ ಬೈ ಫಿಯರ್‌ಗೆ ಸಾಟಿ ಇಲ್ಲ, ತಮ್ಮನಿಗೇ ಗೆಲುವು. ಹಾಡುಗಾರಿಕೆ ಇಲ್ಲದ ತುಣುಕುಗಳಲ್ಲಿ ದ ಜೆಸ್ಟರ್ಸ್ ಡಾನ್ಸ್ ಮುಂದೆ. ಸ್ಲಾಟರ್‌ನ ಇನ್‌ಟು ದ ಡೆಡ್ ಸ್ಕೈ ಚೆನ್ನಾಗಿದೆ, ಆದರೆ ಉಸಿರು ತೆಗೆದುಕೊಳ್ಳಲು ಕೊಟ್ಟ ಬಿಡುವಿನಂತಿದೆ. ಮುಗಿಯುವ ರೀತಿಯಲ್ಲಿ ಗ್ಯಾಲರಿಯೇ. ಕೊನೆಯ ಎರಡು ಹಾಡಿನ ಹೆಸರು ನೋಡಿ. ಮೈನ್ ಈಸ್ ದ ಗ್ರ್ಯಾಂಜರ್ ಅಂತ ಬರೆದು ಮೂರು ಚುಕ್ಕಿ, ಆಮೇಲಿನದು ಮೂರು ಚುಕ್ಕಿಯಿಂದ ಶುರುವಾಗಿ ಆಫ್ ಮೆಲಂಕಲಿ ಬರ್ನಿಂಗ್. ಸೇರಿಸಿ ಓದಿದರೆ ಒಂದೇ ವಾಕ್ಯ. ಮೊದಲನೆಯದು ಸಣ್ಣ ಗಿಟಾರ್ ತುಣುಕು, ಎರಡನೆಯದು ಐದು ನಿಮಿಷ ಮೀರಿದ ಹಾಡು. ಬಿಡಿಸಿ ಕೇಳಿದರೆ ಎರಡಕ್ಕೂ ಅರ್ಧ ಜೀವ. ಇಂಥ ಅಕ್ಕರೆ ಉಳಿದೆರಡು ಆಲ್ಬಮ್‌ಗಳಲ್ಲಿ ಕಾಣಲಿಲ್ಲ.

ಹೊಸಬರಿಗೆ ಕೊಡುವುದಾದರೆ ನಾನೂ ಮೊದಲು ಸ್ಲಾಟರ್ ಕೊಡುತ್ತೇನೆ. ಅರಚುವಿಕೆಗಿಂತ ರಾಗ ಮುಖ್ಯ ಅನ್ನುವವರಿಗೆ ಜೆಸ್ಟರ್ ರೇಸ್. ನನ್ನ ಮನೆಯ ಪ್ಲೇಯರ್‌ನಲ್ಲಿ ಉಳಿದಿರುವುದು ಗ್ಯಾಲರಿ. ಮೂರನೇ ವಾರದ ಕೊನೆಗೆ ಪಾತ್ರೆ ತೊಳೆಯುವಾಗ ಬಂದಿದ್ದು ಆ ಬೇಸ್ ರಾಗ, ಇವತ್ತಿನವರೆಗೂ ಅದೇ ಬರುತ್ತಿದೆ.

ತಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಸೌಂಡ್ ತೆಳ್ಳಗೆ ಅಂತ ನೀನೇ ಒಪ್ಪಿಕೊಂಡೆಯಲ್ಲ ಅಣ್ಣ, ಇನ್ನೇನು" ಅಂದ. ವಾದ ಮಾಡಲಿಲ್ಲ. "ಲೀಥೆ ಹಾಕ್ಕೋ. ಹೆಡ್‌ಫೋನ್ ಇರ್ಲಿ. ಬೇರೆ ಏನೂ ಕೇಳ್ಬೇಡ, ಬೇಸ್ ಒಂದನ್ನೇ ಕೊನೆವರೆಗೂ ಹಿಡ್ಕೊಂಡು ಹೋಗು" ಅಂದೆ. ನೋಡ್ತೀನಿ ಅಂದ.

ಎರಡು ದಿನ ಸುದ್ದಿ ಇಲ್ಲ. ಮೂರನೇ ದಿನ ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಕುಕ್ಕರ್ ಕೂಗುತ್ತಿದೆ, ನಲ್ಲಿ ನೀರು ಬೀಳುತ್ತಿದೆ, ಪಾತ್ರೆ ಸದ್ದು. ಮಾತು ಒಂದೂ ಇಲ್ಲ. ಅರ್ಧ ನಿಮಿಷ ಅವನು ಆ ಬೇಸ್ ರಾಗ ಗುನುಗುತ್ತಿದ್ದಾನೆ.