ಕರೆಂಟೇ ಬೇಡದ ಪುಟ್ಟ ಆಡಿಯೊ ಮಿಕ್ಸರ್: ಹಚ್ಚುವ ಮೊದಲು ಮೀಟರ್ ಹಿಡಿದು ನೋಡಿ

ನಾಲ್ಕು 3.5 ಮಿ.ಮೀ. ಜ್ಯಾಕ್, ನಾಲ್ಕು ನಾಬ್, ಒಂದು ಔಟ್‌ಪುಟ್. ಅಡಾಪ್ಟರ್ ಇಲ್ಲ, ಬ್ಯಾಟರಿ ಇಲ್ಲ. ಶಬ್ದ ಎಳ್ಳಷ್ಟೂ ಕೆಡುವುದಿಲ್ಲ, ಮೈಕ್, ಗಿಟಾರ್, ಹೆಡ್‌ಫೋನ್ ಏನು ಬೇಕಾದರೂ ಹಚ್ಚಬಹುದು ಎಂಬ ಧಾಟಿಯ ಜಾಹೀರಾತು. ಇಂಥದೊಂದು ಡಬ್ಬಿಗೆ ಫೋನ್, ಲ್ಯಾಪ್‌ಟಾಪ್, ಕೀಬೋರ್ಡ್ ಮೂರನ್ನೂ ಚುಚ್ಚಿ ರೆಕಾರ್ಡರಿಗೆ ಕೊಟ್ಟಾಗ ಆದದ್ದು ಹೀಗೆ: ಫೋನಿನ ನಾಬ್ ಸೊನ್ನೆಗೆ ತಿರುಗಿಸಿದರೆ ಫೋನಿನ ಜೊತೆ ಉಳಿದ ಎರಡರ ಸದ್ದೂ ಅಡಗಿತು. ಎಲ್ಲ ನಾಬ್‌ಗಳನ್ನು ಪೂರ್ತಿ ಏರಿಸಿದರೆ ಕೀಬೋರ್ಡಿನ ದನಿ ಒಡೆದು ಗೊಗ್ಗರಾಯಿತು. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದ ಕೂಡಲೇ ಎಲ್ಲದರ ಮೇಲೂ ಗುಂಯ್ ಎನ್ನುವ ಸದ್ದು ಹತ್ತಿತು. ಆ ರೆಕಾರ್ಡಿಂಗ್ ಕೆಲಸಕ್ಕೆ ಬರಲಿಲ್ಲ.

ಡಬ್ಬಿ ಬಿಚ್ಚಿದರೆ ಮೊದಲೆರಡು ತೊಂದರೆಗಳ ಕಾರಣ ಕಣ್ಣಿಗೇ ಕಾಣುತ್ತದೆ. ಒಳಗೆ ನಾಲ್ಕು ಜೋಡಿ ಪಾಟ್‌ಗಳು (ನಾಬ್ ತಿರುಗಿಸಿದಂತೆ ತಡೆ ಬದಲಿಸುವ ಪೊಟೆನ್ಶಿಯೊಮೀಟರ್). ಪ್ರತಿ ಪಾಟಿನ ಒಂದು ತುದಿ ಇನ್‌ಪುಟ್ಟಿಗೆ, ಇನ್ನೊಂದು ತುದಿ ಗ್ರೌಂಡಿಗೆ, ಅಂದರೆ ಎಲ್ಲ ಸಾಧನಗಳಿಗೂ ಸಾಮಾನ್ಯವಾದ 0 ವೋಲ್ಟ್ ತಂತಿಗೆ. ನಡುವಿನ ಕಾಲು, ಅಂದರೆ ವೈಪರ್, ನೇರವಾಗಿ ಎಲ್ಲ ಚಾನೆಲ್ ಸೇರುವ ಔಟ್‌ಪುಟ್ ಪಟ್ಟಿಗೆ ಬೆಸುಗೆ. ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರ್ ಅನ್ನುವುದು ಒಂದೂ ಇಲ್ಲ; ಸರಿಯಾದ ಡಬ್ಬಿಯಲ್ಲಿ ಪ್ರತಿ ವೈಪರಿಗೂ ಪಟ್ಟಿಗೂ ನಡುವೆ ಒಂದೊಂದು ಇರುತ್ತದೆ. ನಾಬ್ ಸೊನ್ನೆಗೆ ಬಂದಾಗ ವೈಪರ್ ಗ್ರೌಂಡಿಗೆ ಮುಟ್ಟುತ್ತದೆ. ವೈಪರಿಗೆ ಅಂಟಿಕೊಂಡಿರುವ ಔಟ್‌ಪುಟ್ ಪಟ್ಟಿಯೂ ಜೊತೆಗೇ ಗ್ರೌಂಡಾಗುತ್ತದೆ. ಒಂದು ಚಾನೆಲ್ ಮುಚ್ಚಿದರೆ ಎಲ್ಲವೂ ಮೂಕವಾಗುವುದು ಇದಕ್ಕೇ.

ನಾಬ್‌ಗಳೆಲ್ಲ ಪೂರ್ತಿ ಮೇಲಿದ್ದಾಗ ತೊಂದರೆ ಬೇರೆ ಥರದ್ದು. ಆಗ ಮೂರೂ ಸಾಧನಗಳ ಔಟ್‌ಪುಟ್‌ಗಳು ಒಂದಕ್ಕೊಂದು ತಂತಿ ಕಟ್ಟಿದಂತೆ ಸೇರಿಬಿಡುತ್ತವೆ. ಫೋನಿನ ಹೆಡ್‌ಫೋನ್ ಔಟ್‌ಪುಟ್ಟಿನ ಒಳ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಕೆಲವೇ ಓಮ್, ಲೈನ್ ಔಟ್‌ನದು (ಇನ್ನೊಂದು ಸಾಧನಕ್ಕೆ ಸಿಗ್ನಲ್ ಕೊಡುವ ಜ್ಯಾಕ್) ಕೆಲವು ನೂರು ಓಮ್. ಒಂದು ಸಾಧನ 1 ವೋಲ್ಟ್ ಕೊಡುತ್ತಿರುವಾಗ ಪಕ್ಕದ್ದು ಅದೇ ತಂತಿಯನ್ನು 0 ವೋಲ್ಟಿನಲ್ಲಿ ಹಿಡಿದಿಡಲು ನೋಡುತ್ತದೆ. ನೀರಿನ ಎರಡು ಪಂಪುಗಳ ಬಾಯಿಗೆ ಬಾಯಿ ಕಟ್ಟಿದ ಹಾಗೆ: ನೀರು ಹೊರಗೆ ಹೋಗುವ ಬದಲು ಒಂದು ಇನ್ನೊಂದಕ್ಕೆ ತಳ್ಳುತ್ತದೆ. ಔಟ್‌ಪುಟ್ ಆಂಪ್ಲಿಫೈಯರ್ ತನ್ನ ಕರೆಂಟ್ ಮಿತಿ ಮುಟ್ಟಿ ಅಲೆಯ ತಲೆ ಕತ್ತರಿಸುತ್ತದೆ, ಕಿವಿಗೆ ಅದೇ ಗೊಗ್ಗರು ದನಿಯಾಗಿ ಕೇಳುತ್ತದೆ. ಎರಡು ಔಟ್‌ಪುಟ್‌ಗಳನ್ನು ವೈ ಕೇಬಲ್ಲಿನಲ್ಲಿ (Y ಆಕಾರದ, ಮೂರು ತುದಿಯ ಕೇಬಲ್) ಸೇರಿಸುವುದೂ ಇದೇ ಎಡವಟ್ಟು. ಒಂದು ಔಟ್‌ಪುಟ್ಟನ್ನು ಎರಡು ಕಡೆ ಹಂಚಲು ವೈ ಕೇಬಲ್ ಸರಿ, ಎರಡನ್ನು ಒಂದಾಗಿಸಲು ತಪ್ಪು.

ಕೆಲವು ಡಬ್ಬಿಗಳಲ್ಲಿ ಪಾಟ್ ತಿರುವುಮುರುವು ಕೂತಿರುತ್ತದೆ: ಇನ್‌ಪುಟ್ ವೈಪರಿಗೆ, ಔಟ್‌ಪುಟ್ ಪಟ್ಟಿ ತುದಿಗೆ. ಆಗ ಒಂದನ್ನು ಇಳಿಸಿದರೆ ಉಳಿದವು ಮಾಯವಾಗುವುದಿಲ್ಲ, ಆದ್ದರಿಂದ ಕೊಂಡವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಸೊನ್ನೆಯಲ್ಲಿ ಆ ಸಾಧನದ ಔಟ್‌ಪುಟ್ಟೇ ಗ್ರೌಂಡಿಗೆ ಶಾರ್ಟ್ ಆಗಿರುತ್ತದೆ, ಪೂರ್ತಿ ಮೇಲಿದ್ದಾಗ ಮತ್ತೆ ಎಲ್ಲವೂ ಒಂದೇ ತಂತಿ. ಮೊದಲನೆಯದಕ್ಕಿಂತ ಇದು ಕೆಟ್ಟದ್ದು, ಯಾಕೆಂದರೆ ರೋಗ ಕಾಣಿಸುವುದೇ ಇಲ್ಲ.

ಬಿಚ್ಚದೆಯೂ ಪತ್ತೆ ಮಾಡಬಹುದು. ಸಾಧಾರಣ ಮಲ್ಟಿಮೀಟರ್ ಸಾಕು. ಡಬ್ಬಿಗೆ ಯಾವ ಸಾಧನವನ್ನೂ ಹಚ್ಚಬೇಡಿ. ಎರಡು ಇನ್‌ಪುಟ್‌ಗಳಿಗೂ ಔಟ್‌ಪುಟ್ಟಿಗೂ ಇನ್ನೊಂದು ತುದಿ ಖಾಲಿ ಇರುವ ಕೇಬಲ್ ಚುಚ್ಚಿ, ಆ ಖಾಲಿ ಪ್ಲಗ್‌ಗಳ ಮೇಲೆ ಅಳೆಯಿರಿ (ಕೆಲವು ಜ್ಯಾಕ್‌ಗಳು ಖಾಲಿ ಇದ್ದಾಗ ತಾವೇ ಗ್ರೌಂಡಿಗೆ ಮುಟ್ಟಿಕೊಳ್ಳುತ್ತವೆ, ಪ್ಲಗ್ ಹಾಕದೆ ಅಳೆದರೆ ಲೆಕ್ಕ ತಪ್ಪುತ್ತದೆ). ಮೊದಲು ಎಲ್ಲ ನಾಬ್ ಪೂರ್ತಿ ಏರಿಸಿ, ಒಂದನೇ ಇನ್‌ಪುಟ್ಟಿನ ಪ್ಲಗ್ ತುದಿಯಿಂದ ಎರಡನೇ ಇನ್‌ಪುಟ್ಟಿನ ಪ್ಲಗ್ ತುದಿಗೆ ಎಷ್ಟು ಓಮ್ ನೋಡಿ. ಒಂದೆರಡು ಓಮ್ ತೋರಿಸಿದರೆ ಅದು ಮಿಕ್ಸರ್ ಅಲ್ಲ, ಡಬ್ಬಿಯೊಳಗಿನ ವೈ ಕೇಬಲ್. 10 ಕಿಲೋ ಓಮ್ ಪಾಟ್, 10 ಕಿಲೋ ಓಮ್ ರೆಸಿಸ್ಟರ್ ಇರುವ ಸರಿಯಾದ ಡಬ್ಬಿಯಲ್ಲಿ ಇದು ಸುಮಾರು 10 ಕಿಲೋ ಓಮ್ ಬರುತ್ತದೆ. ಆಮೇಲೆ ಒಂದೇ ಒಂದು ನಾಬ್ ಸೊನ್ನೆಗೆ ಇಳಿಸಿ, ಔಟ್‌ಪುಟ್ಟಿನ ತುದಿಯಿಂದ ಅದರ ಗ್ರೌಂಡಿಗೆ (ಪ್ಲಗ್ಗಿನ ಬುಡದ ಲೋಹದ ಭಾಗ) ಅಳೆಯಿರಿ. ನಾಲ್ಕು ಚಾನೆಲ್ಲಿನ ಒಳ್ಳೆಯ ಡಬ್ಬಿಯಲ್ಲಿ 2.5ರಿಂದ 5 ಕಿಲೋ ಓಮ್ ಒಳಗೆ ಇರುತ್ತದೆ. ಕೆಟ್ಟದ್ದರಲ್ಲಿ ಸೊನ್ನೆ. ಕೊನೆಗೆ ಅದೇ ಇಳಿಸಿದ ಚಾನೆಲ್ಲಿನ ಇನ್‌ಪುಟ್ ತುದಿಯಿಂದ ಗ್ರೌಂಡಿಗೆ. ಪಾಟಿನ ಪೂರ್ತಿ ಬೆಲೆ, 10 ಕಿಲೋ ಓಮ್, ಕಾಣಬೇಕು. ಸೊನ್ನೆ ಕಂಡರೆ ತಿರುವುಮುರುವು ಪಾಟ್ ಎಂದೇ ಅರ್ಥ. ಸ್ಟೀರಿಯೊ ಡಬ್ಬಿಯಾದರೆ ಪ್ಲಗ್ಗಿನ ನಡುವಿನ ಉಂಗುರದ ಮೇಲೂ ಇದನ್ನೇ ಮತ್ತೊಮ್ಮೆ ಮಾಡಿ, ಒಂದು ಬದಿಯ ಬೆಸುಗೆ ಮಾತ್ರ ಕೈಕೊಟ್ಟಿರುವುದೂ ಉಂಟು.

ಡಬ್ಬಿ ಸರಿಯಿದೆ ಅನ್ನೋಣ. ಆದರೂ ಶಬ್ದ ಇಳಿಯುತ್ತದೆ, ಅದು ದೋಷವಲ್ಲ. ಒಂದು ಚಾನೆಲ್ಲಿನ ಸಿಗ್ನಲ್ ತನ್ನ ರೆಸಿಸ್ಟರ್ ದಾಟಿ ಪಟ್ಟಿಗೆ ಬಂದಾಗ, ಉಳಿದ ರೆಸಿಸ್ಟರ್‌ಗಳು ಬೇರೆ ಸಾಧನಗಳ ಔಟ್‌ಪುಟ್ ಮೂಲಕ ಅದನ್ನು ಗ್ರೌಂಡಿನ ಕಡೆ ಎಳೆಯುತ್ತವೆ. ಎರಡು ಚಾನೆಲ್ ಇದ್ದರೆ ಪ್ರತಿಯೊಂದೂ ಅರ್ಧಕ್ಕೆ, ಅಂದರೆ 6 ಡೆಸಿಬೆಲ್ ಕೆಳಗೆ. ಮೂರಕ್ಕೆ 9.5, ನಾಲ್ಕಕ್ಕೆ 12, ಎಂಟಕ್ಕೆ 18 ಡೆಸಿಬೆಲ್. ಮುಂದಿನ ಸಾಧನದ ಇನ್‌ಪುಟ್ 10 ಕಿಲೋ ಓಮ್ ಆಗಿದ್ದರೆ ನಾಲ್ಕು ಚಾನೆಲ್ಲಿನಲ್ಲಿ ಇನ್ನೂ 2 ಡೆಸಿಬೆಲ್ ಹೋಗುತ್ತದೆ: 1 ವೋಲ್ಟ್ ಹಾಕಿದರೆ 0.2 ವೋಲ್ಟ್ ಸಿಗುತ್ತದೆ. "ನಷ್ಟವೇ ಇಲ್ಲ" ಎಂದು ಯಾರಾದರೂ ಬರೆದಿದ್ದರೆ ಅವರು ಒಂದೋ ಲೆಕ್ಕ ಮಾಡಿಲ್ಲ, ಇಲ್ಲ ರೆಸಿಸ್ಟರ್ ಹಾಕಿಲ್ಲ.

ಈ ಎಳೆತದಿಂದ ಇನ್ನೊಂದು ಕಿರಿಕಿರಿಯಿದೆ. ನಾಬ್ ಇಲ್ಲದ, ಬರೀ ರೆಸಿಸ್ಟರ್ ಇರುವ ಡಬ್ಬಿಯಲ್ಲಿ ನಾಲ್ಕರಲ್ಲಿ ಎರಡು ಪ್ಲಗ್ ಕಿತ್ತರೆ ಉಳಿದೆರಡು ಒಮ್ಮೆಲೇ 6 ಡೆಸಿಬೆಲ್ ಏರುತ್ತವೆ. ರೆಕಾರ್ಡಿಂಗ್ ನಡುವೆ ಹೀಗಾದರೆ ಮುಗಿಯಿತು. ಬಳಸುವ ಸಾಧನಗಳನ್ನೆಲ್ಲ ಮೊದಲೇ ಹಚ್ಚಿ, ಕೊನೆಯವರೆಗೆ ಮುಟ್ಟಬೇಡಿ. ನಾಬ್ ಇರುವ ಡಬ್ಬಿಯಾದರೆ ಖಾಲಿ ಚಾನೆಲ್ಲನ್ನು ಸೊನ್ನೆಯಲ್ಲಿಡಿ. ಆಗ ಅದರ ರೆಸಿಸ್ಟರ್ ಗ್ರೌಂಡಿಗೇ ನಿಂತಿರುತ್ತದೆ, ಉಳಿದವುಗಳ ಮಟ್ಟ ಅಲುಗುವುದಿಲ್ಲ.

ಅತಿ ಹೆಚ್ಚು ಜನ ಬೇಸ್ತು ಬೀಳುವುದು ಹೆಡ್‌ಫೋನ್ ವಿಷಯದಲ್ಲಿ. ಫೋನಿನ ಹಾಡು, ಲ್ಯಾಪ್‌ಟಾಪಿನ ಮೀಟಿಂಗ್ ಎರಡನ್ನೂ ಒಂದೇ ಹೆಡ್‌ಫೋನಿನಲ್ಲಿ ಕೇಳೋಣ ಎಂದೇ ಬಹುಪಾಲು ಮಂದಿ ಇದನ್ನು ಕೊಳ್ಳುತ್ತಾರೆ. 10 ಕಿಲೋ ಓಮಿನ ನಾಲ್ಕು ರೆಸಿಸ್ಟರ್ ಸೇರಿದಾಗ ಔಟ್‌ಪುಟ್ ಇಂಪೀಡೆನ್ಸ್ 2.5 ಕಿಲೋ ಓಮ್. ಅದಕ್ಕೆ 32 ಓಮ್ ಹೆಡ್‌ಫೋನ್ ಸಿಕ್ಕಿಸಿದರೆ, ಮಿಕ್ಸಿಂಗ್‌ನ 12 ಡೆಸಿಬೆಲ್ ನಷ್ಟದ ಮೇಲೆ ಮತ್ತೆ 38. ಫೋನ್ 1 ವೋಲ್ಟ್ ಕೊಟ್ಟರೂ ಕಿವಿಗೆ ಮುಟ್ಟುವುದು ಸುಮಾರು 3 ಮಿಲಿವೋಲ್ಟ್. ಸೊಳ್ಳೆ ಗುಂಯ್‌ಗುಟ್ಟಿದಷ್ಟು.

ಹಾಗಾದರೆ ರೆಸಿಸ್ಟರನ್ನೇ 100 ಓಮಿಗೆ ಇಳಿಸಿದರೆ? ಸದ್ದು ಬರುತ್ತದೆ, ಆದರೆ 10 ಕಿಲೋ ಓಮಿಗೆಂದು ಮಾಡಿದ ಲೈನ್ ಔಟ್‌ಗೆ ಈಗ ನೂರಿಪ್ಪತ್ತು ಓಮ್ ಆಸುಪಾಸಿನ ಹೊರೆ ಬೀಳುತ್ತದೆ. ಆ ಔಟ್‌ಪುಟ್ಟಿನಲ್ಲಿ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದ್ದರೆ 130 ಹರ್ಟ್ಸ್‌ಗಿಂತ ಕೆಳಗಿನ ಬೇಸ್ ಕರಗಿಹೋಗುತ್ತದೆ. ಹೆಡ್‌ಫೋನ್ ಬೇಕಿದ್ದರೆ ಡಬ್ಬಿಯ ನಂತರ ಹೆಡ್‌ಫೋನ್ ಆಂಪ್ಲಿಫೈಯರ್ ಇರಲೇಬೇಕು. ಇಲ್ಲಿ ಅಡ್ಡದಾರಿ ಇಲ್ಲ.

ರೆಸಿಸ್ಟರ್ ಅತಿ ದೊಡ್ಡದಾದರೂ ಪೆಟ್ಟು. 100 ಕಿಲೋ ಓಮ್ ಹಾಕಿದ ನಾಲ್ಕು ಚಾನೆಲ್ಲಿನ ಡಬ್ಬಿಯ ಔಟ್‌ಪುಟ್ 25 ಕಿಲೋ ಓಮ್. ಶೀಲ್ಡ್ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಎಂದು ಹಿಡಿದರೂ 5 ಮೀಟರಿಗೆ 500 ಆಯಿತು, 12–13 ಕಿಲೋ ಹರ್ಟ್ಸ್‌ನಿಂದಲೇ ತಾಳದ ಝಣಝಣ ಮಂಕಾಗುತ್ತದೆ. 10 ಕಿಲೋ ಓಮ್ ಹದವಾದ ಬೆಲೆ.

ಮೈಕನ್ನು ನೇರವಾಗಿ ಹಚ್ಚಬೇಡಿ. ಮೈಕಿನ ಸಿಗ್ನಲ್ ಮಿಲಿವೋಲ್ಟ್ ಲೆಕ್ಕದ್ದು, ಅದರಲ್ಲಿ ಮುಕ್ಕಾಲು ಪಾಲು ಇಲ್ಲೇ ಕಳೆದರೆ ಮುಂದೆ ಎಷ್ಟು ಹಿಗ್ಗಿಸಿದರೂ ಏಳುವುದು ಹಿಸ್ ಸದ್ದು. ಪ್ರಿಆಂಪ್ (ಸಣ್ಣ ಸಿಗ್ನಲ್ ಹಿಗ್ಗಿಸುವ ಸಾಧನ) ಆದಮೇಲೆ ಹಚ್ಚಿ. ಪಿಕಪ್ ಇರುವ ಗಿಟಾರ್ ಕೂಡ ಹಾಗೇ: ಅದಕ್ಕೆ ಬೇಕಾದದ್ದು 1 ಮೆಗಾ ಓಮ್ ಮಟ್ಟದ ಇನ್‌ಪುಟ್, 10 ಕಿಲೋ ಓಮಿಗೆ ಕೊಟ್ಟರೆ ಕಂಬಳಿ ಹೊದಿಸಿದ ದನಿ.

ಬ್ಯಾಲೆನ್ಸ್ಡ್ ಔಟ್‌ಪುಟ್ (ಒಂದೇ ಸಿಗ್ನಲ್ಲನ್ನು ನೇರವಾಗಿ ಒಂದು ತಂತಿಯಲ್ಲಿ, ತಲೆಕೆಳಗಾಗಿ ಇನ್ನೊಂದರಲ್ಲಿ ಕಳಿಸುವುದು) ಇರುವ ಸಾಧನದ್ದು ಸ್ವಲ್ಪ ಕುತಂತ್ರದ ತಪ್ಪು. ಅದರ ಮೂರು ತುಂಡಿನ ಪ್ಲಗ್ ನೋಡಲು ಸ್ಟೀರಿಯೊ ಪ್ಲಗ್ಗಿನಂತೆಯೇ ಇರುತ್ತದೆ. ಸ್ಟೀರಿಯೊ ಡಬ್ಬಿಗೆ ಚುಚ್ಚಿದರೆ ಎಡಕ್ಕೆ ಒಂದು ಸಿಗ್ನಲ್, ಬಲಕ್ಕೆ ಅದರದೇ ತಲೆಕೆಳಗಾದ ಪ್ರತಿ. ಸ್ಟೀರಿಯೊದಲ್ಲಿ ಕೇಳಿದರೆ ಏನೋ ವಿಚಿತ್ರ ಅನ್ನಿಸುತ್ತದೆ ಅಷ್ಟೆ. ಅದೇ ರೆಕಾರ್ಡಿಂಗ್ ಮೊನೊ ಆಗಿ ಫೋನ್ ಸ್ಪೀಕರಿನಲ್ಲಿ ಓಡಿದಾಗ ಎರಡೂ ಕಳೆದು ಆ ವಾದ್ಯವೇ ಮಾಯ. ಎರಡು ತುಂಡಿನ ಮೊನೊ ಪ್ಲಗ್ಗನ್ನು ಸ್ಟೀರಿಯೊ ಜ್ಯಾಕಿಗೆ ಹಾಕಿದರೆ ಬಲ ಬದಿ ಗ್ರೌಂಡಿಗೆ ಶಾರ್ಟ್. ರೆಸಿಸ್ಟರ್ ಇರುವ ಡಬ್ಬಿಯಲ್ಲಿ ಇದರಿಂದ ಹಾನಿಯಿಲ್ಲ, ಆ ವಾದ್ಯ ಎಡಗಡೆ ಮಾತ್ರ ಕೇಳಿಸುತ್ತದೆ. ರೆಸಿಸ್ಟರ್ ಇಲ್ಲದ್ದರಲ್ಲಿ, ನಾಬ್ ಮೇಲಿದ್ದರೆ, ಎಲ್ಲರ ಬಲ ಬದಿಯೂ ಸತ್ತಂತೆ.

ಸ್ಪೀಕರಿಗೆ ಹೋಗುವ ತಂತಿಯನ್ನಂತೂ ಈ ಡಬ್ಬಿಯ ಹತ್ತಿರವೂ ತರಬೇಡಿ. ಇಂದಿನ ಹಲವು ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಲ್ಲಿ ಮತ್ತು ಕಾರ್ ಸ್ಟೀರಿಯೊಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಸಿಗ್ನಲ್ ಇರುತ್ತದೆ, ಮೈನಸ್ ಎಂದು ಬರೆದಿದ್ದರೂ ಅದು ಗ್ರೌಂಡ್ ಅಲ್ಲ. ಅದನ್ನು ಡಬ್ಬಿಯ ಗ್ರೌಂಡಿಗೆ ಕಟ್ಟಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಔಟ್‌ಪುಟ್ ಕಡೆಯಿಂದಲೂ ಅಪಾಯ ಬರುತ್ತದೆ. 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿಗೆ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಆನ್ ಇರುವ ಮೈಕ್ ಇನ್‌ಪುಟ್ಟಿಗೆ ಈ ಡಬ್ಬಿ ಹಚ್ಚಿದರೆ ಆ ವೋಲ್ಟೇಜ್ ಹಿಮ್ಮುಖವಾಗಿ ಫೋನ್, ಲ್ಯಾಪ್‌ಟಾಪಿನ ಔಟ್‌ಪುಟ್ಟಿಗೆ ನುಗ್ಗುತ್ತದೆ. ಮೊದಲು ಅದನ್ನು ಆಫ್ ಮಾಡಿ. ಕ್ಯಾಮೆರಾ, ಚಿಕ್ಕ ರೆಕಾರ್ಡರ್‌ಗಳ 3.5 ಮಿ.ಮೀ. ಮೈಕ್ ಜ್ಯಾಕಿನಲ್ಲಿ 2ರಿಂದ 5 ವೋಲ್ಟ್ ಇರುವುದುಂಟು. ನಾಬ್ ತಿರುಗಿಸಿದಾಗಲೆಲ್ಲ ಚರಚರ ಅಂದರೆ ಕಾರಣ ಅದೇ. ಔಟ್‌ಪುಟ್ಟಿಗೆ ಸರಣಿಯಲ್ಲಿ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಪ್ಲಸ್ ಕಾಲು ಕ್ಯಾಮೆರಾ ಕಡೆಗಿರಲಿ. ಲೈನ್ ಇನ್ ಆಯ್ಕೆ ಇದ್ದರೆ ಅದನ್ನೇ ಬಳಸುವುದು ಇನ್ನೂ ಮೇಲು.

ಇನ್ನು ಗುಂಯ್ ಸದ್ದು. ಡಬ್ಬಿಯೊಳಗೆ ಎಲ್ಲ ಸಾಧನಗಳ ಗ್ರೌಂಡ್ ಒಂದೇ ಪಟ್ಟಿಗೆ ಸೇರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಮೂರು ಪಿನ್ನಿನದ್ದಾಗಿ, ಪವರ್ಡ್ ಸ್ಪೀಕರ್ ಕೂಡ ಗೋಡೆಯ ಅರ್ಥಿಂಗಿಗೆ ಹೋಗಿದ್ದರೆ ಅರ್ಥಿಂಗ್ ತಂತಿ ಮತ್ತು ಆಡಿಯೊ ಕೇಬಲ್ ಸೇರಿ ಒಂದು ವೃತ್ತವಾಗುತ್ತದೆ. ಅದರಲ್ಲಿ ಹರಿಯುವ ಕರೆಂಟು 50 ಅಥವಾ 60 ಹರ್ಟ್ಸ್‌ನ ಹಮ್ ಆಗಿಯೂ ಅದರ ದುಪ್ಪಟ್ಟು ಬಝ್ ಆಗಿಯೂ ಕೇಳುತ್ತದೆ. ಫೋನನ್ನು ಅದೇ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಚಾರ್ಜ್ ಮಾಡುತ್ತಿದ್ದರೆ ಕಿಚಕಿಚ ಸದ್ದೂ ಸೇರುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಆ ಸಾಧನಕ್ಕೂ ಡಬ್ಬಿಗೂ ನಡುವೆ 1:1 ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ (ತೀರಾ ಪುಟ್ಟವು ಜೋರಾದ ಬೇಸಿನಲ್ಲಿ ದನಿ ಒಡೆಯುತ್ತವೆ). ಅರ್ಥಿಂಗ್ ಪಿನ್ ಕತ್ತರಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಸದ್ದಿನ ಜೊತೆ ಶಾಕಿನಿಂದ ಕಾಯುವ ದಾರಿಯೂ ಹೋಗುತ್ತದೆ.

ರೆಸಿಸ್ಟರ್ ಇಲ್ಲದ ಡಬ್ಬಿ ಈಗಾಗಲೇ ಕೈಗೆ ಬಂದಿದ್ದು, ವಾಪಸ್ ಮಾಡಲು ಆಗದಿದ್ದರೆ ಅದನ್ನು ರಿಪೇರಿ ಮಾಡಬಹುದು. ಬಿಚ್ಚಿದರೆ ಮಾರಿದವರು ವಾಪಸ್ ತೆಗೆದುಕೊಳ್ಳದೇ ಇರಬಹುದು, ಆದ್ದರಿಂದ ಮೀಟರಿನ ಪರೀಕ್ಷೆ ಮೊದಲು, ಸ್ಕ್ರೂಡ್ರೈವರ್ ಆಮೇಲೆ. ನಾಲ್ಕು ಚಾನೆಲ್ ಸ್ಟೀರಿಯೊಗೆ 10 ಕಿಲೋ ಓಮ್, ಕಾಲು ವ್ಯಾಟ್, 1 ಪ್ರತಿಶತದ ಮೆಟಲ್ ಫಿಲ್ಮ್ ರೆಸಿಸ್ಟರ್ ಎಂಟು ಬೇಕು. ಪ್ರತಿ ವೈಪರಿನಿಂದ ಔಟ್‌ಪುಟ್ ಪಟ್ಟಿಗೆ ಹೋಗುವ ತಾಮ್ರದ ಗೆರೆಯನ್ನು ಬ್ಲೇಡಿನಿಂದ ಕತ್ತರಿಸಿ, ಕಡಿತದ ಮೇಲೆ ಸೇತುವೆಯಂತೆ ರೆಸಿಸ್ಟರ್ ಬೆಸೆಯಿರಿ. ಪಾಟ್ ತಿರುವುಮುರುವು ಇದ್ದರೆ ಮೊದಲು ಇನ್‌ಪುಟ್ ತಂತಿಯನ್ನು ವೈಪರಿನಿಂದ ತೆಗೆದು ತುದಿಗೆ ಹಾಕಬೇಕು. ಪಾಟ್ 10 ಕಿಲೋ ಓಮಿನದ್ದಾದರೆ ಸರಿ. 100 ಕಿಲೋ ಓಮ್ ಆಗಿದ್ದರೆ ನಾಬ್ ನಡುವಿಗೆ ಬಂದಾಗ ಸದ್ದು ತೀರಾ ಕುಸಿಯುತ್ತದೆ, ಪಾಟನ್ನೂ ಬದಲಿಸಿ. ಬೆಸುಗೆ ಆರಿದ ಮೇಲೆ ಮೇಲಿನ ಮೂರೂ ಅಳತೆಗಳನ್ನು ಎಡ, ಬಲ ಎರಡು ಬದಿಗೂ ಮತ್ತೆ ಮಾಡಿ. ಕತ್ತರಿಸಿದ ಗೆರೆಯಲ್ಲಿ ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ ಮೀಟರ್ ಅದನ್ನು ಒಂದೆರಡು ಓಮ್ ಎಂದು ತೋರಿಸಿಬಿಡುತ್ತದೆ.